ಎರೆಮಣ್ಣಿನಲ್ಲಿ ಇಂಗ್ಲಿಷ್ ಗುಲಾಬಿ

ಗುಲಾಬಿಯನ್ನು ಹೂವುಗಳ ರಾಣಿಯೆಂದು ಹೊಗಳದವರಿಲ್ಲ. ಆದರೆ ನಲವತ್ತು ಡಿಗ್ರಿ ಮೀರುವ ನಮ್ಮ ಸುರಪುರ ಸೀಮೆಯ ಬೇಸಗೆಯಲ್ಲಿ, ಜೋಳ ತೊಗರಿಗಳ ಎರೆಮಣ್ಣಿನಲ್ಲಿ ಈ ರಾಣಿಯನ್ನು ಸಾಕುವುದು ಹೊಗಳಿದಷ್ಟು ಸುಲಭವಲ್ಲ. ದೇವಾಪುರದ ನಮ್ಮ ಮನೆಯ ಹಿತ್ತಿಲಲ್ಲಿ ಬಿ. ಎ. ಮೊದಲ ವರ್ಷದಿಂದ ಇಂದಿನವರೆಗೆ ನಾನು ಮಾಡಿದ ಪ್ರಯತ್ನವನ್ನೂ, ಅದರಿಂದ ಕಲಿತ ಪಾಠವನ್ನೂ ವಿದ್ಯಾರ್ಥಿಮಿತ್ರರ ಮುಂದಿಡುವುದೇ ಈ ಲೇಖನದ ಉದ್ದೇಶ.

ನಮ್ಮ ಹಿತ್ತಿಲಲ್ಲಿ ಅವ್ವ ನೆಟ್ಟ ಗುಲಾಬಿ ಮೊದಲೇ ಇತ್ತು. ಅವ್ವ ಅದನ್ನು ಪನ್ನೀರು ಗುಲಾಬಿ ಎನ್ನುತ್ತಾಳೆ. ಪುಸ್ತಕಗಳಲ್ಲಿ ಅದಕ್ಕೆ ಎಡ್ವರ್ಡ್ ಗುಲಾಬಿ ಎಂಬ ಹೆಸರು. ತಿಂಥಣಿ ಮೌನೇಶ್ವರನ ಜಾತ್ರೆಗೆ ಹೋಗುವಾಗ ಅದರ ಹೂವೇ ನಮ್ಮ ಕಾಣಿಕೆ. ಆದರೆ ಕಾಲೇಜಿಗೆ ಸೇರಿದ ನನಗೆ ಅದು ಸಾಮಾನ್ಯವಾಗಿ ತೋರಿತು. ಚಿತ್ರದಲ್ಲಿ ಕಂಡ ಇಂಗ್ಲಿಷ್ ಪೊದೆಗುಲಾಬಿಗೆ ಮನಸೋತು, ವಿದ್ಯಾರ್ಥಿವೇತನದ ಹಣದಲ್ಲಿ ದೂರದ ನರ್ಸರಿಯೊಂದರಿಂದ ‘ಗರ್ಟ್ರೂಡ್ ಜೀಕಲ್’ ಎಂಬ ಸಸಿಯನ್ನು ತರಿಸಿದೆ. ಅದರ ಬೆಲೆ ಅವ್ವನ ಒಂದು ದಿನದ ಕೂಲಿಗಿಂತ ಹೆಚ್ಚಾಗಿತ್ತು. ಅವ್ವ ಬೈಯಲಿಲ್ಲ; “ಇರೋ ಗಿಡಕ್ಕ ಏನಾಗಿತ್ತೋ?” ಎಂದಷ್ಟೇ ಕೇಳಿದಳು.

ಇಂಗ್ಲಿಷ್ ಗುಲಾಬಿಯೆಂದರೆ ಇಂಗ್ಲೆಂಡಿನ ಕಾಡುಗುಲಾಬಿಯಲ್ಲ. ಅಲ್ಲಿಯ ರೈತನೊಬ್ಬನ ಮಗನಾದ ಡೇವಿಡ್ ಆಸ್ಟಿನ್ (೧೯೨೬–೨೦೧೮) ಎಂಬಾತನು ಹಳೆಯ ಗುಲಾಬಿಗಳ ದಟ್ಟ ಎಸಳು ಮತ್ತು ಪರಿಮಳವನ್ನು, ಹೊಸ ಗುಲಾಬಿಗಳ ಮೇಲಿಂದಮೇಲೆ ಅರಳುವ ಗುಣದೊಡನೆ ಕೂಡಿಸಲು ಹೊರಟನು. ೧೯೬೧ರಲ್ಲಿ ಹೊರಬಂದ ಅವನ ಮೊದಲ ತಳಿ ‘ಕಾನ್‌ಸ್ಟನ್ಸ್ ಸ್ಪ್ರೈ’ ವರ್ಷಕ್ಕೆ ಒಮ್ಮೆ ಮಾತ್ರ ಅರಳುತ್ತಿತ್ತು. ಮತ್ತೆ ಮತ್ತೆ ಸಂಕರ ಮಾಡಿದ ಮೇಲೆ ಹಲವು ಸಲ ಅರಳುವ ತಳಿಗಳು ದೊರೆತವು. ಗರ್ಟ್ರೂಡ್ ಜೀಕಲ್ ೧೯೮೬ರದು.

ಈಗ ಎರಡು ಗಿಡಗಳನ್ನೂ ಹೋಲಿಸಿ ನೋಡೋಣ. ಇಂಗ್ಲಿಷ್ ಹೂವಿನಲ್ಲಿ ನೂರರ ಆಸುಪಾಸು ಎಸಳುಗಳು ಬಟ್ಟಲಿನಲ್ಲಿ ಸುತ್ತಿಟ್ಟಂತೆ ಇರುತ್ತವೆ. ಅವ್ವನ ಹೂವು ಚಿಕ್ಕದು, ಎಸಳು ಕಡಿಮೆ, ಬೇಗ ಉದುರುತ್ತದೆ. ರೂಪದಲ್ಲಿ ಇಂಗ್ಲಿಷ್ ಗುಲಾಬಿಯೇ ಮೇಲು. ಪರಿಮಳದಲ್ಲಿ ಮಾತ್ರ ಕಣ್ಣುಮುಚ್ಚಿ ಮೂಸಿದರೆ ಎರಡೂ ಅಕ್ಕತಂಗಿಯರು! ಇದಕ್ಕೆ ಕಾರಣವುಂಟು. ಎಡ್ವರ್ಡ್ ಗುಲಾಬಿಯು ಡಮಾಸ್ಕ್ ಗುಲಾಬಿಗೂ ಚೀನಾ ಗುಲಾಬಿಗೂ ಹುಟ್ಟಿದ್ದು. ಹಿಂದೂ ಮಹಾಸಾಗರದ ಬೂರ್ಬನ್ ದ್ವೀಪ, ಅಂದರೆ ಇಂದಿನ ರಿಯೂನಿಯನ್, ಅದರ ತವರು. ಗರ್ಟ್ರೂಡ್ ಜೀಕಲ್‌ನ ಹೆತ್ತವರಲ್ಲಿ ಒಂದಾದ ‘ಕೋಂತ್ ದ ಶಾಂಬೋರ್’ ಎಂಬ ಹಳೆಯ ಫ್ರೆಂಚ್ ಗುಲಾಬಿಯಲ್ಲಿಯೂ ಡಮಾಸ್ಕಿನ ಅಂಶವಿದೆ. ಮೇಲಿಂದಮೇಲೆ ಅರಳುವ ಗುಣವಂತೂ ಬಹುಮಟ್ಟಿಗೆ ಹದಿನೆಂಟನೆಯ ಶತಮಾನದ ಕೊನೆಗೆ ಯುರೋಪಿಗೆ ಹೋದ ಚೀನಾ ಗುಲಾಬಿಗಳ ಕೊಡುಗೆ. ಹೆಸರಿಗೆ ಇಂಗ್ಲಿಷ್, ವಂಶದಲ್ಲಿ ಅರ್ಧ ಏಷ್ಯಾ!

ಇಷ್ಟಾದರೂ ನನ್ನ ಗಿಡ ಏಳಲಿಲ್ಲ. ಮೊದಲ ಬೇಸಗೆ ಬರುವಷ್ಟರಲ್ಲಿ ಎಳೆಯ ಎಲೆಗಳು ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿದವು. ಗೊಬ್ಬರ ಹಾಕಿದೆ, ನೀರು ಹೆಚ್ಚಿಸಿದೆ, ರೋಗ ಹೆಚ್ಚಿತು. ವಿಚಾರಿಸಿದಾಗ ತಿಳಿದದ್ದು ಇಷ್ಟು: ನಮ್ಮ ಎರೆಮಣ್ಣಿನಲ್ಲಿ ಸುಣ್ಣದ ಅಂಶ ಹೆಚ್ಚು. ಮಣ್ಣಿನಲ್ಲಿ ಕಬ್ಬಿಣವಿದ್ದರೂ ಸುಣ್ಣದ ದೆಸೆಯಿಂದ ಅದು ಕರಗದು, ಬೇರಿಗೆ ದಕ್ಕದು. ನೀರು ನಿಂತರೆ ಬೇರಿಗೆ ಉಸಿರೂ ಇಲ್ಲ. ಕಸಿಗುಲಾಬಿಯಲ್ಲಿ ಹೂವು ಒಂದು ಜಾತಿಯದು, ಬೇರು ಇನ್ನೊಂದರದು. ನನ್ನ ಗಿಡದ ಬೇರು ಮಲ್ಟಿಫ್ಲೋರಾ ಎಂಬ ಜಾತಿಯದು. ಅದಕ್ಕೆ ಸುಣ್ಣದ ನೆಲ ಒಗ್ಗುವುದಿಲ್ಲ. ತಪ್ಪು ಹೂವಿನದಲ್ಲ, ಬೇರಿನದು.

ಹಾಗಾದರೆ ಇದೇ ಮಣ್ಣಿನಲ್ಲಿ ಹಸಿರಾಗಿ ನಿಂತಿರುವ ಅವ್ವನ ಗಿಡದ ಬೇರನ್ನೇ ಏಕೆ ಬಳಸಬಾರದು? ಉತ್ತರ ಭಾರತದ ಬಯಲಿನಲ್ಲಿ ಎಡ್ವರ್ಡ್ ಗುಲಾಬಿಯನ್ನು ಬೇರುಗಿಡವಾಗಿ ಬಳಸುವ ರೂಢಿಯೇ ಇದೆ. ಅದರ ಕಡ್ಡಿಗಳನ್ನು ಮಳೆಗಾಲದಲ್ಲಿ ನೆಟ್ಟು ಬೇರು ಬರಿಸಿದೆ. ಡಿಸೆಂಬರಿನಲ್ಲಿ, ಪೆನ್ಸಿಲ್ ಗಾತ್ರದ ಕಾಂಡದ ತೊಗಟೆಯನ್ನು ಇಂಗ್ಲಿಷಿನ ಟಿ ಅಕ್ಷರದಂತೆ ಸೀಳಿ, ಜೀಕಲ್ ಗಿಡದಿಂದ ತೆಗೆದ ಕಣ್ಣನ್ನು ಅದರೊಳಗೆ ಕೂರಿಸಿ, ಕಣ್ಣು ಮಾತ್ರ ಹೊರಗೆ ಕಾಣುವಂತೆ ಪ್ಲಾಸ್ಟಿಕ್ ಪಟ್ಟಿ ಸುತ್ತಿದೆ. ಆರು ಕಸಿಯಲ್ಲಿ ನಾಲ್ಕು ಒಣಗಿದವು. ಮೂರು ವಾರಗಳ ಮೇಲೂ ಎರಡು ಕಣ್ಣುಗಳು ಹಸಿರಾಗಿದ್ದವು. ಅವು ಚಿಗುರಿದಾಗ ಮೇಲಿನ ಕಾಂಡವನ್ನು ಕತ್ತರಿಸಿದೆ.

ನೆಡುವಾಗಲೂ ಎಚ್ಚರ ಬೇಕು. ಒಂದೂವರೆ ಅಡಿ ಆಳ, ಅಷ್ಟೇ ಅಗಲದ ಗುಣಿ ತೆಗೆದು, ಕೆಂಪುಮಣ್ಣು ಮತ್ತು ಹಳೆಯ ತಿಪ್ಪೆಗೊಬ್ಬರ ತುಂಬಿ, ನೀರು ನಿಲ್ಲದಂತೆ ಪಾತಿಯನ್ನು ನೆಲಕ್ಕಿಂತ ಎತ್ತರಿಸಬೇಕು. ಪಡುವಣದ ಬಿಸಿಲಿಗೆ ತೊಗರಿಕಟ್ಟಿಗೆಯ ತಟ್ಟಿ ಕಟ್ಟಬೇಕು. ಕಸಿಯ ಗಂಟಿನ ಕೆಳಗೆ ಬರುವ ಚಿಗುರನ್ನು ಆಗಾಗ ಕೀಳದಿದ್ದರೆ ಬೇರುಗಿಡವೇ ಮೇಲಿನದನ್ನು ನುಂಗಿಬಿಡುತ್ತದೆ.

ಇಷ್ಟೆಲ್ಲ ಮಾಡಿದರೂ ಮೇ ತಿಂಗಳಲ್ಲಿ ಇಂಗ್ಲಿಷ್ ಹೂವು ಚಿಕ್ಕದಾಗಿ ಬಂದು ಎರಡೇ ದಿನಕ್ಕೆ ಬಾಡುತ್ತದೆ. ಆಗ ಅವ್ವನ ಗಿಡವೇ ಗೆಲ್ಲುತ್ತದೆ. ಆದರೆ ಈ ಚಳಿಗಾಲದಲ್ಲಿ ಕಸಿಗಿಡ ಕೊಟ್ಟ ಹೂಗಳನ್ನು ನೋಡಲು ಓಣಿಯವರೆಲ್ಲ ಬಂದರು. ತರಿಸಿದ ಮೂಲಗಿಡ ಅಷ್ಟರಲ್ಲಿ ಒಣಗಿಹೋಗಿತ್ತು. ಅವ್ವನ ಗಿಡದ ಬೇರಿಲ್ಲದಿದ್ದರೆ ನನ್ನ ಇಂಗ್ಲಿಷ್ ಗುಲಾಬಿ ನಮ್ಮ ಹಿತ್ತಿಲಲ್ಲಿ ಹೆಸರಿಗೂ ಉಳಿಯುತ್ತಿರಲಿಲ್ಲ.

ನಮ್ಮ ಮನೆತನದಲ್ಲಿ ಕಾಲೇಜು ಮೆಟ್ಟಿಲೇರಿದವನು ನಾನೇ ಮೊದಲಿಗ. ಹೊರಗಿನಿಂದ ಬಂದ ವಿದ್ಯೆಯೂ ಒಂದು ಕಣ್ಣುಕಸಿಯೇ ಎಂದು ಈಗ ಅನ್ನಿಸುತ್ತದೆ. ಕಣ್ಣು ಎಲ್ಲಿಂದಲಾದರೂ ಬರಲಿ. ಅದನ್ನು ಹೊತ್ತು ನಿಲ್ಲುವ ಬೇರನ್ನು ಸಾಮಾನ್ಯವೆಂದು ಹಳಿಯದಿರೋಣ. ಈ ಸಲ ಜಾತ್ರೆಗೆ ಎರಡೂ ಹೂಗಳನ್ನು ಒಂದೇ ಬುಟ್ಟಿಯಲ್ಲಿ ಒಯ್ಯಬೇಕೆಂದು ಅವ್ವ ಹೇಳಿದ್ದಾಳೆ.