ಹೆಗ್ಗಣಕ್ಕೆ ಏರ್‌ಗನ್ ಪರಿಹಾರವಾ? ಯೆರವಡಾದಲ್ಲಿ ನಾನು ಕಲಿತ ಪಾಠ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದೆ ಆಫೀಸ್ ಕ್ಯಾಬ್‌ನಲ್ಲಿ ಕೂತು ಓದೋರಿಗಾಗಿ ಈ ವಾರದ ಮಾತಿನ ಬರಹ ರೂಪ ಇಲ್ಲಿದೆ. ಮಾತಾಡುವಾಗ ಬಿಟ್ಟುಹೋದ ಒಂದೆರಡು ಲೆಕ್ಕವನ್ನೂ ಸೇರಿಸಿದ್ದೀನಿ.

ಪುಣೆಗೆ ಬಂದ ಹೊಸದರಲ್ಲಿ ನಮ್ಮ ಸೊಸೈಟಿಯ ವಾಟ್ಸಾಪ್ ಗ್ರೂಪಲ್ಲಿ ಒಂದು ಮೆಸೇಜ್ ನೋಡಿ ಗಾಬರಿಯಾಗಿದ್ದೆ: "ಪಾರ್ಕಿಂಗ್‌ನಲ್ಲಿ ಘೂಸ್ ಜಾಸ್ತಿಯಾಗಿದೆ, ಕಮಿಟಿ ಏನಾದ್ರೂ ಮಾಡಿ." ನನಗೆ ಗೊತ್ತಿದ್ದ ಹಿಂದಿಯಲ್ಲಿ ಘೂಸ್ ಅಂದ್ರೆ ಲಂಚ! ಆಮೇಲೆ ಗೊತ್ತಾಯ್ತು, ಮರಾಠಿಯಲ್ಲಿ ಘೂಸ್ ಅಂದ್ರೆ ಹೆಗ್ಗಣ. ಇಂಗ್ಲಿಷಿನ ಬ್ಯಾಂಡಿಕೂಟ್ ಪದ ತೆಲುಗಿನ ಪಂದಿಕೊಕ್ಕು, ಅಂದ್ರೆ ಹಂದಿ‑ಇಲಿ ಅನ್ನೋದರಿಂದ ಹೋಗಿದ್ದು. ನಮ್ಮ ನೆಲದ್ದೇ ಪ್ರಾಣಿ ಇದು.

ನಾನು ಮಾಡಿದ ತಪ್ಪು

ಹೋದ ವರ್ಷದ ಮಳೆಗಾಲದಲ್ಲಿ ನನ್ನ ಕಾರಿನ ವೈರಿಂಗ್ ಎರಡು ಸಲ ಕಡಿದುಹೋಯ್ತು. ಕಾಂಪೌಂಡ್ ಗೋಡೆ ಪಕ್ಕದ ನೆಲಹಾಸಿನ ಕೆಳಗೆ ಮಣ್ಣೇ ಇಲ್ಲದೆ ಒಂದು ಕಡೆ ಕುಸಿಯಿತು. ನಾನು ತೀರ್ಥಹಳ್ಳಿ ಕಡೆಯವನು. ನಮ್ಮಲ್ಲಿ ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಕೋವಿ ಇಟ್ಟುಕೊಳ್ಳೋದು, ಚುನಾವಣೆ ಬಂದಾಗ ಅದನ್ನ ಠಾಣೆಗೆ ಒಪ್ಪಿಸೋದು, ಎಲ್ಲ ಸಾಮಾನ್ಯ. ಯೂಟ್ಯೂಬ್‌ನಲ್ಲಿ ಅಮೆರಿಕದವರು ಅಂಗಳ ತೋಡುವ ಪ್ರಾಣಿಗಳನ್ನ ಪಾಯಿಂಟ್ ಟೂಟೂ ರೈಫಲ್‌ನಿಂದ "ನೋವಿಲ್ಲದಂತೆ" ಹೊಡೆಯೋದನ್ನ ನೋಡಿ, ನಾನೂ ಒಂದು ಏರ್‌ಗನ್ ತಂದೆ.

ಒಂದು ಭಾನುವಾರ ರಾತ್ರಿ ಹನ್ನೊಂದಕ್ಕೆ ಟಾರ್ಚ್ ಬೆಳಕಲ್ಲಿ ಹೊಡೆದೆ. ಪೆಲೆಟ್ ತಾಗಿತು, ಹೆಗ್ಗಣ ಕಿರುಚಿ ಬಿಲ ಸೇರಿತು. ಕೆಲಸ ಮುಗೀತು ಅಂತ ಮಲಗಿದೆ. ಬೆಳಿಗ್ಗೆ ಸ್ಕೂಲ್ ಬಸ್ಸಿಗೆ ಕಾಯ್ತಿದ್ದ ನನ್ನ ಮಗಳೇ ಅದನ್ನ ಮೊದಲು ನೋಡಿದ್ದು. ಹಿಂಗಾಲು ಎಳೆದುಕೊಂಡು ರ‍್ಯಾಂಪ್ ಮೇಲೆ ತೆವಳ್ತಾ ಇತ್ತು. ರಾತ್ರಿಯಿಡೀ ಹಾಗೇ ಇದ್ದಿರಬೇಕು. ವಾಚ್‌ಮನ್ ಕಾಕಾ ಬಂದು ಒಂದೇ ಏಟಿಗೆ ಮುಗಿಸಿದರು. ಆಮೇಲೆ ನನ್ನ ಕಡೆ ತಿರುಗಿ ಮರಾಠಿಯಲ್ಲಿ, "ಸಾಹೇಬ್, ಕೊಲ್ಲೋದಾದ್ರೆ ಒಂದೇ ಸಲಕ್ಕೆ ಕೊಲ್ಲಬೇಕು" ಅಂದರು. ಮಗಳು "ಅಪ್ಪ, ಇದಕ್ಕೆ ಯಾರು ಹೀಗ್ ಮಾಡಿದ್ದು?" ಅಂತ ಕೇಳಿದಾಗ ನನ್ನ ಹತ್ರ ಉತ್ತರ ಇರಲಿಲ್ಲ. ಇವತ್ತಿನ ವಿಷಯ ಹುಟ್ಟಿದ್ದೇ ಆ ಪ್ರಶ್ನೆಯಿಂದ.

ಕಾನೂನು ಏನು ಹೇಳುತ್ತೆ?

2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಏರ್‌ಗನ್‌ನ ಬೋರ್ .177, ಅಂದ್ರೆ 4.5 ಮಿ.ಮೀ. ಮೀರಬಾರದು, ಶಕ್ತಿ 20 ಜೂಲ್ ಮೀರಬಾರದು. ಆ ಮಿತಿಯೊಳಗಿದ್ದರೆ ಲೈಸೆನ್ಸ್ ಬೇಡ. ಪಾಯಿಂಟ್ ಟೂಟೂ ರೈಫಲ್ ಮಾತ್ರ 1959ರ ಕಾಯ್ದೆಯಡಿ ಪೂರ್ತಿ ಬಂದೂಕು, ಲೈಸೆನ್ಸ್ ಇಲ್ಲದೆ ಮುಟ್ಟೋ ಹಾಗಿಲ್ಲ. "ಕೊಡಗಿನವರಿಗೆ ವಿನಾಯಿತಿ ಇದೆಯಲ್ಲ?" ಅಂತ ನಮ್ಮ ಟೀಮಿನ ಗೆಳೆಯ ಕೇಳಿದ. ಹೌದು, ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸ್ ವಿನಾಯಿತಿ ಇದೆ, 2019ರಲ್ಲಿ ಅದನ್ನ ಹತ್ತು ವರ್ಷ ವಿಸ್ತರಿಸಿದ್ದಾರೆ. ಆದ್ರೆ ಅದು ಕೋವಿ ಇಟ್ಟುಕೊಳ್ಳೋಕೆ ಸಿಕ್ಕ ವಿನಾಯಿತಿ, ಜನವಸತಿಯಲ್ಲಿ ಗುಂಡು ಹಾರಿಸೋಕೆ ಅಲ್ಲ.

ಇಲಿ, ಹೆಗ್ಗಣ ವನ್ಯಜೀವಿ ಕಾಯ್ದೆಯ ರಕ್ಷಿತ ಪಟ್ಟಿಯಲ್ಲಿಲ್ಲ. ಆದ್ರೆ ಅವನ್ನ ತಿನ್ನುವ ಮುಂಗುಸಿ, ಕೇರೆಹಾವು, ಗೂಬೆ ರಕ್ಷಿತ. ಕತ್ತಲಲ್ಲಿ ಪೊದೆಯೊಳಗೆ ಹೊಳೆಯೋ ಕಣ್ಣು ಯಾರದ್ದು ಅಂತ ಗೊತ್ತಾಗದೆ ಹೊಡೆದರೆ? ಇದರ ಮೇಲೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಬೇರೆ ಇದೆ.

ಸ್ವಲ್ಪ ಭೌತಶಾಸ್ತ್ರ

ಅರ್ಧ ಗ್ರಾಂ ಪೆಲೆಟ್ ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ 10 ಜೂಲ್. ಸುಮಾರು 2.6 ಗ್ರಾಂನ ಪಾಯಿಂಟ್ ಟೂಟೂ ಗುಂಡು 330 ಮೀಟರ್ ವೇಗದಲ್ಲಿ ಹೊರಟರೆ 140 ಜೂಲ್. ಹದಿನಾಲ್ಕು ಪಟ್ಟು!

10 ಜೂಲ್ ಹೆಗ್ಗಣವನ್ನ ತಕ್ಷಣ ಕೊಲ್ಲಬೇಕು ಅಂದ್ರೆ ಮಿದುಳಿಗೇ ತಾಗಬೇಕು. ಆ ಗುರಿ ನಮ್ಮ ಹೆಬ್ಬೆರಳಿನ ಉಗುರಿಗಿಂತ ದೊಡ್ಡದೇನಲ್ಲ, ಅದೂ ರಾತ್ರಿ, ಅಲುಗಾಡ್ತಾ ಇರೋದು. ಎರಡು ಸೆಂಟಿಮೀಟರ್ ತಪ್ಪಿದರೆ ನಾನು ಮಾಡಿದ ಹಾಗೇ ಆಗುತ್ತೆ. 140 ಜೂಲ್ ಆದ್ರೆ ಪ್ರಾಣಿಗೆ ಸಾಕು, ಆದ್ರೆ ಗುರಿ ತಪ್ಪಿದ ಗುಂಡು ಒಂದು ಕಿಲೋಮೀಟರ್‌ಗೂ ಮೀರಿ ಹೋಗಬಲ್ಲದು. ಯೆರವಡಾದಲ್ಲಿ ನಿಂತು ಅಷ್ಟು ದೂರದ ವೃತ್ತ ಎಳೀರಿ. ಶಾಲೆ, ಆಸ್ಪತ್ರೆ, ಐಟಿ ಪಾರ್ಕ್, ಜೈಲು ಎಲ್ಲ ಅದರೊಳಗೇ ಬರುತ್ತೆ. ಇನ್ನು ಪೆಲೆಟ್ಟೂ ಕಾಂಕ್ರೀಟಿಗೆ ತಾಗಿ ವಾಪಸ್ ಸಿಡಿಯುತ್ತೆ. ದಯೆಯಿಂದ ಹೊಡೆಯೋದು ಅನ್ನೋ ಮಾತಿಗೆ ಅರ್ಥ ಬರೋದು ತೆರೆದ ಜಮೀನು, ಹಿಂದೆ ಮಣ್ಣಿನ ದಿಬ್ಬ, ಹಗಲು ಬೆಳಕು, ಪಳಗಿದ ಕೈ ಇದ್ದಾಗ. ನಮ್ಮ ಪಾರ್ಕಿಂಗ್‌ನಲ್ಲಿ ಇವ್ಯಾವೂ ಇಲ್ಲ.

ಹಾಗಂತ ಸುಮ್ನಿರೋಕಾಗಲ್ಲ

ಹೆಗ್ಗಣದ ಮೂತ್ರ ಸೇರಿದ ನೀರಿನಿಂದ ಇಲಿಜ್ವರ ಬರುತ್ತೆ. ಮಳೆಗಾಲದಲ್ಲಿ ಬರಿಗಾಲಲ್ಲಿ ನಿಂತ ನೀರು ತುಳಿಯೋರಿಗೆ ಅಪಾಯ ಹೆಚ್ಚು. ಪುಣೆಗೆ ಇಲಿಯ ಕಥೆ ಇನ್ನೂ ಹಳೇದು. 1897ರ ಪ್ಲೇಗ್ ಸಮಯದಲ್ಲಿ ಸೈನಿಕರು ಮನೆ ಮನೆಗೆ ನುಗ್ಗಿ ತಪಾಸಣೆ ಮಾಡಿದ್ದಕ್ಕೆ ಸಿಟ್ಟಾಗಿ ಚಾಪೇಕರ್ ಸಹೋದರರು ಜೂನ್ 22ರಂದು ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ ಗುಂಡು ಹಾರಿಸಿದರು. ದಾಮೋದರ ಚಾಪೇಕರ್ ಅವರನ್ನ 1898ರಲ್ಲಿ ಗಲ್ಲಿಗೇರಿಸಿದ್ದು ಇದೇ ಯೆರವಡಾ ಜೈಲಿನಲ್ಲಿ. ಪ್ಲೇಗ್ ಹರಡೋದು ಇಲಿಯ ಮೈಮೇಲಿನ ಚಿಗಟದಿಂದ ಅಂತ ಪಾಲ್ ಲೂಯಿ ಸಿಮೊಂಡ್ ಕರಾಚಿಯಲ್ಲಿ ತೋರಿಸಿದ್ದೂ 1898ರಲ್ಲೇ. ಅದೇ ವರ್ಷ ಬೆಂಗಳೂರಿಗೂ ಪ್ಲೇಗ್ ಬಂತು. ಬಸವನಗುಡಿ, ಮಲ್ಲೇಶ್ವರದಂಥ ಬಡಾವಣೆಗಳು ಅಗಲ ರಸ್ತೆ ಇಟ್ಟುಕೊಂಡು ಬೆಳೆದಿದ್ದರ ಹಿಂದೆ ಆ ಭಯವೂ ಇದೆ. ಅಂದ್ರೆ, ಆಗಲೂ ಉತ್ತರ ಊರು ಕಟ್ಟೋ ರೀತಿಯಲ್ಲೇ ಇತ್ತು.

ವಿಷ, ಅಂಟು, ಬೋನು

ಅಂಗಡಿಯಲ್ಲಿ ಸಿಗೋ ಬ್ರೋಮಾಡಯೊಲೋನ್ ಕೇಕ್ ತಿಂದ ಹೆಗ್ಗಣ ಒಳಗೇ ರಕ್ತ ಸೋರಿ ದಿನಗಟ್ಟಲೆ ನರಳಿ ಸಾಯುತ್ತೆ. ಅದನ್ನ ತಿಂದ ಗೂಬೆ, ಬೆಕ್ಕಿಗೂ ವಿಷ ಏರುತ್ತೆ. ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನ ಯಾರೇ ಕೊಟ್ಟರೂ ಮುಟ್ಟಬೇಡಿ. ಅದರ ಅನಿಲ ಬಿಲದಿಂದ ಮನೆಯೊಳಕ್ಕೆ ಬಂದು ಮನುಷ್ಯರನ್ನೇ ಕೊಂದಿದೆ. ಅಂಟು ಹಲಗೆ ಎಲ್ಲಕ್ಕಿಂತ ಕ್ರೂರ, ಹಲವು ರಾಜ್ಯಗಳು ಅದನ್ನ ನಿಷೇಧಿಸಿವೆ. ಬೋನಿನಲ್ಲಿ ಹಿಡಿದು ಮುಳಾ‑ಮುಠಾ ದಡದಲ್ಲಿ ಬಿಟ್ಟು ಬರೋದು ಪುಣ್ಯದ ಕೆಲಸ ಅಂತ ಕಾಣುತ್ತೆ, ಆದ್ರೆ ಸಮಸ್ಯೆ ದಡದ ಗುಡಿಸಲಿನವರ ಪಾಲಾಗುತ್ತೆ. ನೀರಲ್ಲಿ ಮುಳುಗಿಸೋದೂ ದಯೆ ಅಲ್ಲ. ಕೊಲ್ಲಲೇಬೇಕು ಅಂದ್ರೆ ದೊಡ್ಡ ಸೈಜಿನ, ಗಟ್ಟಿ ಸ್ಪ್ರಿಂಗ್ ಇರೋ ಹೊಡೆಯೋ ಬೋನನ್ನ ನಾಯಿ, ಬೆಕ್ಕು, ಮಕ್ಕಳ ಕೈ ಹೋಗದ ಪೆಟ್ಟಿಗೆಯೊಳಗಿಟ್ಟು ದಿನಾ ಬೆಳಿಗ್ಗೆ ನೋಡೋದು ಮೇಲು.

ಆದ್ರೆ ಕೊಲ್ಲೋದರಿಂದ ಮಾತ್ರ ಸಂಖ್ಯೆ ಇಳಿಯಲ್ಲ. ಸುಮಾರು ಮೂರು ವಾರದ ಗರ್ಭ, ಒಂದು ಸಲಕ್ಕೆ ಆರೇಳು ಮರಿ. ಹತ್ತು ಕೊಂದರೆ ಉಳಿದವಕ್ಕೆ ಊಟ ಜಾಸ್ತಿ ಸಿಗುತ್ತೆ, ಅಷ್ಟೇ. 1940ರ ದಶಕದಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಡೇವಿಡ್ ಡೇವಿಸ್ ಮತ್ತು ಜೊತೆಗಾರರು ಕಂಡುಕೊಂಡಿದ್ದೂ ಇದನ್ನೇ: ಸಾಯಿಸಿದರೆ ಇಲಿ ಮತ್ತೆ ತುಂಬಿಕೊಳ್ಳುತ್ತೆ, ಕಸ ಮತ್ತು ಅಡಗುತಾಣ ತೆಗೆದರೆ ಇಳಿದೇ ಇರುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಪ್ರೊಡಕ್ಷನ್‌ನಲ್ಲಿ ಪ್ರಾಸೆಸ್ ಕಿಲ್ ಮಾಡ್ತಾ ಕೂತರೆ ಆಗಲ್ಲ, ಅದನ್ನ ಮತ್ತೆ ಮತ್ತೆ ಎಬ್ಬಿಸ್ತಿರೋದು ಯಾವುದು ಅಂತ ನೋಡಬೇಕು.

ನಾವು ಮಾಡಿದ್ದು

ಮೊದಲು ಎಣಿಕೆ. ಸಂಜೆ ಎಲ್ಲ ಬಿಲದ ಬಾಯಿಗೂ ಪೇಪರ್ ಉಂಡೆ ತುರುಕಿ, ಬೆಳಿಗ್ಗೆ ಯಾವುದು ತೆರೆದಿದೆ ನೋಡೋದು. ತೆರೆದಿದ್ದರೆ ಅದು ಚಾಲ್ತಿ ಬಿಲ. ನಮ್ಮಲ್ಲಿ 11 ಸಿಕ್ಕವು.

ಆಮೇಲೆ ಊಟ ನಿಲ್ಲಿಸಿದ್ವಿ. ರಾತ್ರಿಯೇ ಬಾಗಿಲ ಹೊರಗೆ ಇಡ್ತಿದ್ದ ಹಸಿಕಸದ ಬಕೆಟ್ ಬೆಳಿಗ್ಗೆ ಕಸದವರು ಬಂದಾಗ ಮಾತ್ರ ಹೊರಗೆ, ಅದೂ ಮುಚ್ಚಳ ಹಾಕಿ. ಬೀದಿನಾಯಿಗೆ ಊಟ ಹಾಕೋದು ಸಂಜೆ, ಉಳಿದಿದ್ದು ಅರ್ಧ ಗಂಟೆಯಲ್ಲಿ ಎತ್ತೋದು. ಪಾರಿವಾಳಕ್ಕೆ ಕಾಳು ಚೆಲ್ಲೋದು ಬಂದ್. ಕೊನೇದಕ್ಕೇ ಜಾಸ್ತಿ ಜಗಳ ಆಯ್ತು ಅಂತ ಬೇರೆ ಹೇಳಬೇಕಾ?

ಮೂರನೇದು ತಡೆ. ಗೋಡೆ ಬುಡದಲ್ಲಿ 6 ಮಿ.ಮೀ. ಕಣ್ಣಿನ ಕಲಾಯಿ ತಂತಿ ಜಾಲರಿಯನ್ನ ಒಂದೂವರೆ ಅಡಿ ಆಳಕ್ಕೆ ಇಳಿಸಿ, ಕೆಳಗೆ ಹೊರಗಡೆಗೆ ಎಲ್ ಆಕಾರದಲ್ಲಿ ಮಡಚಿ ಮಣ್ಣು ಮುಚ್ಚಿದ್ವಿ. ತೋಡ್ತಾ ಬಂದ ಹೆಗ್ಗಣ ಜಾಲರಿ ಸಿಕ್ಕ ಕಡೆ ವಾಪಸ್ ಹೋಗುತ್ತೆ. ಚರಂಡಿ ಬಾಯಿಗೂ ಜಾಲರಿ, ಹಳೇ ಟೈಲ್ಸ್, ಹಲಗೆ ರಾಶಿ ಹೊರಗೆ. ಖಾಲಿಯಾದ ಬಿಲಗಳನ್ನ ಮಾತ್ರ ಕೊನೆಗೆ ಜಲ್ಲಿ ಸಿಮೆಂಟ್ ಹಾಕಿ ಮುಚ್ಚಿದ್ವಿ, ಒಳಗೆ ಮರಿ ಸಿಕ್ಕಿ ಸಾಯಬಾರದು ಅಂತ. ಈ ಕೆಲಸಕ್ಕೆ ಕೈಗೆ ಗ್ಲೌಸ್, ಕಾಲಿಗೆ ಗಂಬೂಟ್ ಬೇಕೇ ಬೇಕು. ಕೆಲಸ ಮಾಡೋ ಅಣ್ಣಂದಿರಿಗೂ ಕೊಡಿಸಿ.

ಎಂಟು ವಾರಕ್ಕೆ ಚಾಲ್ತಿ ಬಿಲ ಎರಡಕ್ಕೆ ಇಳಿಯಿತು. ಪೂರ್ತಿ ಹೋಗಿಲ್ಲ, ಹೋಗೋದೂ ಇಲ್ಲ. ಪಕ್ಕದಲ್ಲಿ ಖಾಲಿ ಸೈಟ್ ಇದೆ, ನದಿ ಇದೆ. ಪ್ರತಿ ತಿಂಗಳ ಮೊದಲ ಶನಿವಾರ ಪೇಪರ್ ಉಂಡೆ ಎಣಿಕೆ ಮುಂದುವರಿಸಿದ್ದೀವಿ. ಮಗಳೇ ನೋಟ್‌ಬುಕ್ಕಲ್ಲಿ ಬರೆದಿಡ್ತಾಳೆ.

ತನ್ನ ತಟ್ಟೆಯಲ್ಲಿ ಹೆಗ್ಗಣ ಬಿದ್ದಿರುವಾಗ ಪಕ್ಕದವನ ತಟ್ಟೆಯ ನೊಣ ತೋರಿಸಿದ ಅನ್ನೋ ಗಾದೆ ನಮ್ಮಲ್ಲಿದೆಯಲ್ಲ, ನಾನೂ ಅದನ್ನೇ ಮಾಡ್ತಿದ್ದೆ. ನಮ್ಮ ಬಕೆಟ್ ಬಾಗಿಲ ಹೊರಗಿತ್ತು, ಕೈಯಲ್ಲಿ ಏರ್‌ಗನ್ ಇತ್ತು. ಆ ಏರ್‌ಗನ್ ಈಗ ಅಟ್ಟದ ಮೇಲಿದೆ. "ಯಾರು ಹೀಗ್ ಮಾಡಿದ್ದು" ಅನ್ನೋ ಪ್ರಶ್ನೆಗೂ ಕೊನೆಗೆ ಉತ್ತರ ಕೊಟ್ಟೆ: "ಅಪ್ಪನೇ, ಪುಟ್ಟಿ." ಅವಳು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ, ಅದೂ ಸರಿಯೇ.

ನಿಮ್ಮ ಸೊಸೈಟಿಯಲ್ಲಿ ಬೇರೆ ಯಾವುದಾದ್ರೂ ಉಪಾಯ ಕೆಲಸ ಮಾಡಿದ್ದರೆ ಖಂಡಿತ ತಿಳಿಸಿ. ಮುಂದಿನ ವಾರ ಸಿಗೋಣ.