ಬ್ಯಾಂಕ್ ಆರಿಸುವ ಮುನ್ನ ದೂರಿನ ಪುಟ ನೋಡಿ

ಹೊಸ ಖಾತೆ ತೆರೆಯಲು ಬಂದವರನ್ನು ಎಲ್ಲ ಬ್ಯಾಂಕುಗಳೂ ಆದರದಿಂದಲೇ ಮಾತನಾಡಿಸುತ್ತವೆ. ಕುರ್ಚಿ ಕೊಡುತ್ತಾರೆ, ಫಾರಂ ತಾವೇ ತುಂಬಿಕೊಡುತ್ತಾರೆ, ಆ್ಯಪ್ ಹಾಕಿಕೊಟ್ಟು ಕಳಿಸುತ್ತಾರೆ. ಎಟಿಎಂನಲ್ಲಿ ನೋಟು ಬಾರದೆ ಖಾತೆಯಿಂದ ಮಾತ್ರ ಹಣ ಕಡಿತವಾದಾಗ, ಗಂಡ ತೀರಿಕೊಂಡ ಮೇಲೆ ಹೆಂಡತಿ ಎಫ್‌ಡಿ ಬಿಡಿಸಿಕೊಳ್ಳಲು ಬಂದಾಗ, ಗೊತ್ತಿಲ್ಲದ ಯಾರೋ ಖಾತೆಯಿಂದ ದುಡ್ಡು ಎಳೆದುಕೊಂಡಾಗ ಅದೇ ಶಾಖೆ ಹೇಗೆ ನಡೆದುಕೊಳ್ಳುತ್ತದೆ? ಇದು ಖಾತೆ ತೆರೆಯುವ ದಿನ ಕಣ್ಣಿಗೆ ಬೀಳುವುದಿಲ್ಲ. ಆದರೆ ಮೊದಲೇ ಬಹುಮಟ್ಟಿಗೆ ತಿಳಿದುಕೊಳ್ಳಲು ದಾರಿಗಳಿವೆ. ಅದಕ್ಕೆ ಬೇಕಾದ ಲೆಕ್ಕಪತ್ರ ಯಾರು ಬೇಕಾದರೂ ನೋಡುವಂತೆ ಇದೆ. ನೋಡುವವರು ಮಾತ್ರ ಕಡಿಮೆ.

ಮೊದಲಿಗೆ ಬ್ಯಾಂಕಿನ ವಾರ್ಷಿಕ ವರದಿ. ನೂರಾರು ಪುಟಗಳೆಂದು ಗಾಬರಿ ಬೇಡ, ನಮಗೆ ಬೇಕಾದ್ದು ಒಂದೆರಡು ಪುಟ ಅಷ್ಟೇ. ಗ್ರಾಹಕರಿಂದ ಬಂದ ದೂರುಗಳ ಲೆಕ್ಕವನ್ನು ಪ್ರತಿವರ್ಷ ಗೊತ್ತುಪಡಿಸಿದ ಕೋಷ್ಟಕದಲ್ಲಿ ಪ್ರಕಟಿಸಬೇಕೆಂದು ರಿಸರ್ವ್ ಬ್ಯಾಂಕ್ 2021ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿತು. ಬ್ಯಾಂಕಿನ ಜಾಲತಾಣದಲ್ಲಿ ವರದಿಯ ಪಿಡಿಎಫ್ ಇಳಿಸಿಕೊಂಡು ‘ಕಂಪ್ಲೇಂಟ್ಸ್’ ಎಂದು ಹುಡುಕಿದರೆ, ಲೆಕ್ಕಪತ್ರದ ಟಿಪ್ಪಣಿಗಳ ನಡುವೆ ಈ ಕೋಷ್ಟಕ ಸಿಗುತ್ತದೆ. ವರ್ಷದ ಆರಂಭದಲ್ಲಿ ಬಾಕಿಯಿದ್ದ ದೂರುಗಳು, ಹೊಸದಾಗಿ ಬಂದವು, ವಿಲೇವಾರಿಯಾದವು, ಅವುಗಳಲ್ಲಿ ಬ್ಯಾಂಕು ತಳ್ಳಿಹಾಕಿದವು, ಕೊನೆಗೆ ಉಳಿದವು ಎಂದು ಸಾಲಾಗಿ ಇರುತ್ತವೆ. ಹಿಂದಿನ ವರ್ಷದ ಅಂಕಿಗಳೂ ಪಕ್ಕದಲ್ಲೇ ಇರುತ್ತವೆ.

ಇದನ್ನು ಓದುವಾಗ ಒಟ್ಟು ದೂರುಗಳ ಸಂಖ್ಯೆ ನೋಡಿ ಬೆಚ್ಚಬೇಕಾಗಿಲ್ಲ. ಕೋಟಿಗಟ್ಟಲೆ ಖಾತೆಗಳಿರುವ ಬ್ಯಾಂಕಿಗೆ ಲಕ್ಷಗಟ್ಟಲೆ ದೂರು ಬರುವುದು ಸಹಜ. ನೋಡಬೇಕಾದ್ದು ಬೇರೆ ಮೂರು ಕಡೆ. ಬಂದ ದೂರುಗಳಲ್ಲಿ ಎಷ್ಟು ಪಾಲನ್ನು ಬ್ಯಾಂಕು ತಳ್ಳಿಹಾಕಿದೆ? ಎಷ್ಟು ದೂರುಗಳು ಬ್ಯಾಂಕಿನಲ್ಲಿ ಬಗೆಹರಿಯದೆ, ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ತನಕ ಹೋಗಿವೆ, ಅವುಗಳಲ್ಲಿ ಎಷ್ಟು ಬ್ಯಾಂಕಿನ ಪರವಾಗಿ ತೀರ್ಮಾನವಾಗಿವೆ, ಎಷ್ಟರಲ್ಲಿ ರಾಜಿ ಮಾಡಿಸಬೇಕಾಯಿತು? ಮೂರನೆಯದು ಅದೇ ಪುಟದ ಎರಡನೇ ಕೋಷ್ಟಕದಲ್ಲಿದೆ. ಅತಿ ಹೆಚ್ಚು ದೂರು ಬಂದ ಐದು ವಿಷಯಗಳನ್ನು ಅಲ್ಲಿ ಪಟ್ಟಿ ಮಾಡಿರುತ್ತಾರೆ: ಎಟಿಎಂ ಮತ್ತು ಡೆಬಿಟ್ ಕಾರ್ಡು, ಮೊಬೈಲ್ ಬ್ಯಾಂಕಿಂಗ್, ಸಾಲ, ಶುಲ್ಕ, ಹೀಗೆ. ಪ್ರತಿ ವಿಷಯದ ಎದುರು, 30 ದಿನ ಮೀರಿಯೂ ಇತ್ಯರ್ಥವಾಗದೆ ಉಳಿದವು ಎಷ್ಟೆಂಬ ಕಲಂ ಇರುತ್ತದೆ. ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಆ ಕಲಮೇ. ನೀವು ಮನೆ ಸಾಲಕ್ಕೆ ಬ್ಯಾಂಕು ಹುಡುಕುತ್ತಿದ್ದರೆ ‘ಸಾಲ’ ಎಂಬ ಸಾಲಿನಲ್ಲಿ ಅಲ್ಲಿ ಏನಿದೆ ನೋಡಿ. ಕೌಂಟರಿಗೇ ಹೋಗದೆ ಫೋನಿನಲ್ಲೇ ಎಲ್ಲ ಮಾಡುವವರಾದರೆ ಮೊಬೈಲ್ ಬ್ಯಾಂಕಿಂಗಿನ ಸಾಲು ನೋಡಿ. ಮನಸ್ಸಿನಲ್ಲಿರುವ ಎರಡು ಮೂರು ಬ್ಯಾಂಕುಗಳ ಈ ಪುಟಗಳನ್ನು ಅಕ್ಕಪಕ್ಕ ಇಟ್ಟುಕೊಂಡರೆ ಜಾಹೀರಾತು ಹೇಳದ ಸಂಗತಿಗಳು ಅರ್ಧ ಗಂಟೆಯಲ್ಲಿ ಗೊತ್ತಾಗುತ್ತವೆ.

ಕಾಗದದ ಲೆಕ್ಕ ಇಡೀ ಬ್ಯಾಂಕಿನದು. ನಮಗೆ ದಿನನಿತ್ಯ ಎದುರಾಗುವುದು ಒಂದು ಶಾಖೆ. ಅದನ್ನು ನೋಡಲು ತಿಂಗಳ ಮೊದಲ ವಾರ, ಪಿಂಚಣಿ ಬಂದ ದಿನಗಳಲ್ಲಿ, ಬೆಳಗ್ಗೆ ಹನ್ನೊಂದರ ಹೊತ್ತಿಗೆ ಹೋಗಿ. ಯಾರಿಗೂ ಏನೂ ಹೇಳದೆ ಸ್ವಲ್ಪ ಹೊತ್ತು ಕುಳಿತಿರಿ. ಪಾಸ್‌ಬುಕ್ ಮುದ್ರಿಸುವ ಯಂತ್ರದ ಮುಂದೆ ವಯಸ್ಸಾದವರೊಬ್ಬರು ಪುಸ್ತಕವನ್ನು ತಿರುವಿ ತಿರುವಿ ಹಾಕುತ್ತಿರುತ್ತಾರೆ, ಬಾರ್‌ಕೋಡ್ ಸವೆದು ಯಂತ್ರ ಅದನ್ನು ಹೊರಗೆ ತಳ್ಳುತ್ತಿರುತ್ತದೆ. ನಾನು ನೋಡಿದ ಒಂದು ಶಾಖೆಯಲ್ಲಿ ಕ್ಲರ್ಕೊಬ್ಬರು ಕೌಂಟರಿನಿಂದ ಎದ್ದು ಬಂದು, ಹೊಸ ಬಾರ್‌ಕೋಡ್ ಅಂಟಿಸಿ, “ಈಗ ಹಾಕಿ ಅಜ್ಜ, ಈ ಪುಟ ಮೇಲಕ್ಕೆ ಬರ್ಬೇಕು” ಎಂದು ಹೇಳಿಕೊಟ್ಟು ಹೋದರು. ಎರಡು ನಿಮಿಷದ ಕೆಲಸ. ಅಂಥ ಶಾಖೆ ಮನೆಯಿಂದ ಒಂದು ಬಸ್ ಸ್ಟಾಪ್ ದೂರವಾದರೂ ಅಡ್ಡಿಯಿಲ್ಲ.

ಇನ್ನೊಂದು ಸುಲಭದ ಪರೀಕ್ಷೆ ಚೆಕ್ಕಿನದು. ಬಹಳಷ್ಟು ಕಡೆ ಚೆಕ್ ಕೊಡಲು ಹೋದರೆ ಡಬ್ಬಿಯತ್ತ ಕೈ ತೋರಿಸುತ್ತಾರೆ. ಡಬ್ಬಿಗೆ ಹಾಕಿದ ಚೆಕ್ ಕಳೆದುಹೋದರೆ ನಮ್ಮ ಕೈಯಲ್ಲಿ ಪುರಾವೆ ಇರುವುದಿಲ್ಲ. ಕೌಂಟರಿನಲ್ಲಿ ಚೆಕ್ ಕೊಟ್ಟು ಸ್ವೀಕೃತಿ ಕೇಳಿದವರಿಗೆ ಯಾವ ಶಾಖೆಯೂ ಇಲ್ಲವೆನ್ನುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ ಸ್ಪಷ್ಟವಾಗಿ ಹೇಳಿದೆ. ಚಲನಿನ ಅರ್ಧಕ್ಕೆ ಸೀಲು ಒತ್ತಿ ಕೊಡಲು ಹಿಂದೇಟು ಹಾಕುವ ಶಾಖೆ, ನಾಳೆ ದೊಡ್ಡ ಎಡವಟ್ಟಾದಾಗ ಲಿಖಿತವಾಗಿ ಉತ್ತರ ಕೊಡುತ್ತದೆಂದು ನಂಬುವುದು ಕಷ್ಟ. ದೂರು ಪುಸ್ತಕ ಎಲ್ಲಿದೆ ಎಂದೂ ಕೇಳಿ ನೋಡಿ. ಅದು ಪ್ರತಿ ಶಾಖೆಯಲ್ಲೂ ಇರಬೇಕು, ದೂರು ಬರೆದವರಿಗೆ ಅದರ ಪ್ರತಿ ಹರಿದುಕೊಡುವಂತಿರಬೇಕು. ಮೇಜಿನ ಡ್ರಾಯರಿನಿಂದ ಹುಡುಕಿ ತೆಗೆದರೂ ಸರಿ, ಮುಖ ಗಂಟಿಕ್ಕದೆ ಕೊಟ್ಟರೆ ಒಳ್ಳೆಯ ಲಕ್ಷಣವೇ.

ಭಾಷೆಯ ವಿಷಯಕ್ಕೆ ಬರೋಣ. ಖಾತೆ ತೆರೆಯುವ ಫಾರಂ, ಹಣ ಕಟ್ಟುವ ಚಲನ್, ಪಾಸ್‌ಬುಕ್ ಮುಂತಾದ ಮುದ್ರಿತ ಸಾಮಗ್ರಿ ಹಿಂದಿ, ಇಂಗ್ಲಿಷಿನ ಜೊತೆ ಆಯಾ ಪ್ರಾದೇಶಿಕ ಭಾಷೆಯಲ್ಲೂ ಇರಬೇಕೆಂಬುದು ನಿಯಮ. ಕೌಂಟರಿನ ಫಲಕಗಳಿಗೂ ಅದೇ ಅನ್ವಯ. ಆಡುವ ಮಾತಿನ ಸಮಸ್ಯೆಯ ಮೂಲ ನೇಮಕಾತಿಯಲ್ಲಿದೆ. ಸರ್ಕಾರಿ ಬ್ಯಾಂಕುಗಳಲ್ಲಿ ಕ್ಲರ್ಕುಗಳ ನೇಮಕ ರಾಜ್ಯವಾರು ನಡೆಯುತ್ತದೆ, ಅಲ್ಲಿನ ಭಾಷೆ ಬರುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಅಧಿಕಾರಿಗಳನ್ನು ಅಖಿಲ ಭಾರತ ಮಟ್ಟದಲ್ಲಿ ಆರಿಸಿ ಯಾವ ರಾಜ್ಯಕ್ಕೆ ಬೇಕಾದರೂ ಕಳಿಸುತ್ತಾರೆ. ಹಾಗಾಗಿ ಹಣ ಕಟ್ಟುವ ಕೌಂಟರಿನಲ್ಲಿ ಕನ್ನಡ ನಡೆಯುತ್ತದೆ, ಸಾಲದ ಮೇಜಿನಲ್ಲಿ ನಡೆಯುವುದಿಲ್ಲ. ನಿಜವಾಗಿ ಕನ್ನಡ ಬೇಕಾಗುವುದು ಸಾಲದ ಮೇಜಿನಲ್ಲೇ. ಷರತ್ತು ಅರ್ಥವಾಗದೆ ಸಹಿ ಹಾಕುವುದು ಅಲ್ಲೇ. ಸಾಲ ಬೇಕಾದವರು ಆ ಮೇಜಿನವರ ಜೊತೆ ಕನ್ನಡದಲ್ಲಿ ಐದು ನಿಮಿಷ ಮಾತಾಡಿ ನೋಡಿದ ಮೇಲೆಯೇ ಮುಂದುವರಿಯಲಿ.

ಹಳೆಯ ಹೆಸರಿನ ಅಭಿಮಾನದಿಂದ ಆರಿಸುವ ಕಾಲವೂ ಕರ್ನಾಟಕದಲ್ಲಿ ಬಹುಮಟ್ಟಿಗೆ ಮುಗಿದಿದೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಸ್ಟೇಟ್ ಬ್ಯಾಂಕಿನಲ್ಲಿ ಸೇರಿತು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ, ಕಾರ್ಪೊರೇಷನ್ ಬ್ಯಾಂಕ್ 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ, ಸಿಂಡಿಕೇಟ್ ಅದೇ ವರ್ಷ ಕೆನರಾದಲ್ಲಿ ವಿಲೀನವಾದವು. ಗ್ರಾಮೀಣ ಬ್ಯಾಂಕುಗಳೂ 2025ರ ಮೇ ತಿಂಗಳಲ್ಲಿ ಒಂದಾಗಿ ಬಳ್ಳಾರಿಯಲ್ಲಿ ಕೇಂದ್ರ ಕಚೇರಿ ಮಾಡಿಕೊಂಡಿವೆ. ಪಿಗ್ಮಿ ಕಟ್ಟಿಸಿಕೊಳ್ಳಲು ಮನೆ ಬಾಗಿಲಿಗೇ ಬರುತ್ತಿದ್ದ ಸಿಂಡಿಕೇಟಿನ ಸೇವೆಯನ್ನು ನಮ್ಮ ಹಿರಿಯರು ಇಂದಿಗೂ ಪ್ರೀತಿಯಿಂದ ನೆನೆಯುತ್ತಾರೆ, ಆ ಪ್ರೀತಿಗೆ ಕಾರಣವೂ ಇತ್ತು. ಆದರೆ ಇವತ್ತಿನ ಖಾತೆಯನ್ನು ಇವತ್ತಿನ ಶಾಖೆ ನೋಡಿಯೇ ತೆರೆಯಬೇಕು.

ಇನ್ನು ಕೆಲವು ಪ್ರಶ್ನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಿ. ಉತ್ತರ ನಿಮಗೆ ಮೊದಲೇ ಗೊತ್ತಿರಲಿ. ಅವರಿಗೆ ಗೊತ್ತಿದೆಯೇ ಎಂಬುದನ್ನು ಗಮನಿಸಿ. ಎಟಿಎಂನಲ್ಲಿ ದುಡ್ಡು ಬಾರದೆ ಕಡಿತವಾದರೆ, ವಹಿವಾಟಿನ ದಿನದ ನಂತರ ಐದು ದಿನಗಳೊಳಗೆ ಬ್ಯಾಂಕು ತಾನಾಗಿಯೇ ಹಣ ವಾಪಸು ಹಾಕಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಸೇರಿಸಿ ಕೊಡಬೇಕು, ಗ್ರಾಹಕ ಕೇಳದಿದ್ದರೂ. ಯುಪಿಐನಲ್ಲಿ ಕಳಿಸಿದ ಹಣ ಆ ಕಡೆ ಜಮೆಯಾಗದಿದ್ದರೆ ಮರುದಿನದೊಳಗೆ ಹಿಂದಿರುಗಬೇಕು. ಇವು 2019ರ ಸೆಪ್ಟೆಂಬರಿನ ನಿಯಮಗಳು. “ಬರುತ್ತೆ ಬಿಡಿ, ಒಂದು ವಾರ ನೋಡಿ” ಎನ್ನುವವರಿಗೂ “ಐದು ದಿನ ಸರ್, ಆಮೇಲೆ ದಿನಕ್ಕೆ ನೂರು” ಎನ್ನುವವರಿಗೂ ಬಹಳ ಅಂತರವಿದೆ.

ನಾಮಿನಿಯ ಬಗ್ಗೆ ಕೇಳಿ. 2025ರ ನವೆಂಬರ್ 1ರಿಂದ ಒಂದು ಠೇವಣಿಗೆ ನಾಲ್ಕು ಜನರವರೆಗೆ ನಾಮಿನಿ ಮಾಡಬಹುದು, ಯಾರಿಗೆ ಎಷ್ಟು ಪಾಲು ಎಂದೂ ಬರೆಸಬಹುದು. ಖಾತೆದಾರ ತೀರಿಕೊಂಡರೆ, ಕಾಗದಪತ್ರವೆಲ್ಲ ಸರಿಯಿದ್ದು ನಾಮಿನಿ ಅರ್ಜಿ ಕೊಟ್ಟ 15 ದಿನಗಳಲ್ಲಿ ಹಣ ಸಿಗಬೇಕು. ದುಃಖದಲ್ಲಿರುವ ಮನೆಯವರನ್ನು ತಿಂಗಳುಗಟ್ಟಲೆ ಅಲೆಸುವ ಶಾಖೆಗಳು ಇವೆ. ನೆರೆಹೊರೆಯವರನ್ನು ವಿಚಾರಿಸುವುದಾದರೆ ಬಡ್ಡಿ ದರಕ್ಕಿಂತ ಮೊದಲು ಇದನ್ನು ವಿಚಾರಿಸಿ.

ಲಾಕರ್ ಕೇಳಿದರೂ ಶಾಖೆಯ ಗುಣ ತಿಳಿಯುತ್ತದೆ. ಖಾಲಿ ಇಲ್ಲವೆಂದರೆ ಕಾಯುವವರ ಪಟ್ಟಿಯಲ್ಲಿ ನಿಮ್ಮ ಸಂಖ್ಯೆ ಬರೆದುಕೊಡಬೇಕು. ಬಾಡಿಗೆಯ ಭದ್ರತೆಗೆಂದು ಮೂರು ವರ್ಷದ ಬಾಡಿಗೆ ಮತ್ತು ಒಡೆದು ತೆಗೆಯುವ ಖರ್ಚಿಗೆ ಆಗುವಷ್ಟು ಠೇವಣಿ ಕೇಳಬಹುದು. ಅದಕ್ಕೆ ಬದಲು ದೊಡ್ಡ ಎಫ್‌ಡಿ ಇಡಿ, ವಿಮಾ ಪಾಲಿಸಿ ಮಾಡಿಸಿ ಎಂದು ಒತ್ತಾಯ ಶುರುವಾದರೆ ಎದ್ದು ಬನ್ನಿ.

ಶುಲ್ಕಗಳ ಪಟ್ಟಿ ಜಾಲತಾಣದಲ್ಲಿ ಸಿಗುತ್ತದೆ, ಒಮ್ಮೆ ಓದಿದರೆ ಸಾಕು. ಕನಿಷ್ಠ ಶಿಲ್ಕು ಇಡದಿದ್ದರೆ ಹಾಕುತ್ತಿದ್ದ ದಂಡವನ್ನು ಸ್ಟೇಟ್ ಬ್ಯಾಂಕ್ 2020ರಲ್ಲಿ, ಕೆನರಾ ಬ್ಯಾಂಕ್ 2025ರ ಜೂನಿನಲ್ಲಿ ಉಳಿತಾಯ ಖಾತೆಗಳಿಗೆ ಕೈಬಿಟ್ಟಿವೆ.

ಆತ್ಮೀಯ ಸೇವೆಯ ಮಾತು ಬಂದಾಗ ನಮ್ಮೂರುಗಳಲ್ಲಿ ಹೆಚ್ಚಾಗಿ ಕೇಳಿಬರುವುದು ಸಹಕಾರಿಗಳ ಹೆಸರು. ಹೆಸರು ಹಿಡಿದು ಮಾತನಾಡಿಸುತ್ತಾರೆ, ಸಾಲ ಬೇಗ ಸಿಗುತ್ತದೆ, ಬಡ್ಡಿಯೂ ತುಸು ಹೆಚ್ಚು. ಇಲ್ಲಿ ಒಂದು ವ್ಯತ್ಯಾಸ ಖಡಾಖಂಡಿತವಾಗಿ ಗೊತ್ತಿರಬೇಕು. ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಇರುವ ಸಹಕಾರಿ ಬ್ಯಾಂಕಿನ ಠೇವಣಿಗೆ, ಬೇರೆ ಬ್ಯಾಂಕುಗಳಂತೆಯೇ, ಒಬ್ಬ ಠೇವಣಿದಾರನಿಗೆ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ. ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿ ಸಂಘಗಳಲ್ಲಿಟ್ಟ ಹಣಕ್ಕೆ ಆ ವಿಮೆಯೂ ಇಲ್ಲ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಕೂಡ ಇಲ್ಲ. ಬ್ಯಾಂಕೇ ಆದರೂ ಎಚ್ಚರ ತಪ್ಪುವಂತಿಲ್ಲ. ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ 2020ರ ಜನವರಿಯಲ್ಲಿ ನಿರ್ಬಂಧ ಬಿದ್ದಾಗ ಠೇವಣಿದಾರರಿಗೆ ತೆಗೆಯಲು ಬಿಟ್ಟದ್ದು ಮೊದಲಿಗೆ 35,000 ರೂಪಾಯಿ ಮಾತ್ರ. ಜೀವಮಾನದ ಉಳಿತಾಯ ಇಟ್ಟ ಎಷ್ಟೋ ನಿವೃತ್ತರು ಬ್ಯಾಂಕಿನ ಬಾಗಿಲಲ್ಲಿ ನಿಂತಿದ್ದರು. ಸಿಬ್ಬಂದಿಯ ಸೌಜನ್ಯ ಎಷ್ಟೇ ಇರಲಿ, ಒಂದೇ ಕಡೆ 5 ಲಕ್ಷಕ್ಕಿಂತ ಹೆಚ್ಚು ಇಡುವ ಮುನ್ನ ಯೋಚಿಸಿ.

ದೂರು ಕೊಡುವ ಕ್ರಮವೂ ಗೊತ್ತಿದ್ದರೆ ಬ್ಯಾಂಕಿನ ಮುಂದೆ ಕೈಕಟ್ಟಿ ನಿಲ್ಲಬೇಕಾಗುವುದಿಲ್ಲ. ಮೊದಲು ಬ್ಯಾಂಕಿಗೇ ಲಿಖಿತವಾಗಿ ಕೊಟ್ಟು ದೂರಿನ ಸಂಖ್ಯೆ ಪಡೆಯಿರಿ. ದೊಡ್ಡ ಬ್ಯಾಂಕುಗಳಲ್ಲಿ ಆಂತರಿಕ ಒಂಬುಡ್ಸ್‌ಮನ್ ಎಂಬವರಿದ್ದಾರೆ. ದೂರನ್ನು ಪೂರ್ತಿಯಾಗಿ ಅಥವಾ ಭಾಗಶಃ ತಿರಸ್ಕರಿಸುವ ಮುನ್ನ ಬ್ಯಾಂಕು ಅದನ್ನು ಅವರ ಮುಂದೆ ಇಡಲೇಬೇಕು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಸಿಎಂಎಸ್ ಎಂಬ ದೂರಿನ ಪೋರ್ಟಲಿನಲ್ಲಿ ದೂರು ದಾಖಲಿಸಬಹುದು. ಕಾಗದದಲ್ಲಿ ಬರೆದು ಚಂಡೀಗಢದಲ್ಲಿರುವ ರಿಸರ್ವ್ ಬ್ಯಾಂಕಿನ ದೂರು ಸ್ವೀಕಾರ ಕೇಂದ್ರಕ್ಕೂ ಕಳಿಸಬಹುದು, ಅದು ಕನ್ನಡದಲ್ಲಿದ್ದರೂ ನಡೆಯುತ್ತದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಮಾಹಿತಿಗೆ 14448 ಸಂಖ್ಯೆ ಇದೆ. ಆನ್‌ಲೈನ್ ವಂಚನೆಯಾದರೆ ಮಾತ್ರ ಕಾಯುವಂತಿಲ್ಲ: ಕೂಡಲೇ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಫೋನ್ ಮಾಡಿ. ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಬೇರೆಲ್ಲೋ ಸೋರಿಕೆಯಾಗಿ ಹಣ ಹೋಗಿದ್ದು, ಮೂರು ಕೆಲಸದ ದಿನಗಳೊಳಗೆ ತಿಳಿಸಿದ್ದರೆ ನಷ್ಟ ನಿಮ್ಮದಲ್ಲ ಎಂದು ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆ ಹೇಳಿದೆ. ಇಂಥ ತುರ್ತಿಗೆ ಬ್ಯಾಂಕಿನ ಸಹಾಯವಾಣಿ ರಾತ್ರಿ ಎತ್ತುತ್ತದೆಯೇ ಎಂದು ಖಾತೆ ತೆರೆಯುವ ಮುನ್ನ ಒಂದು ರಾತ್ರಿ ಹತ್ತು ಗಂಟೆಗೆ ಕರೆ ಮಾಡಿ ನೋಡುವುದು ಒಳ್ಳೆಯದು.

ಬ್ಯಾಂಕು ಬದಲಿಸಲು ನಿರ್ಧರಿಸಿದರೆ ಹಳೆಯ ಖಾತೆಯನ್ನು ತಕ್ಷಣ ಮುಚ್ಚಬೇಡಿ. ಸಾಲದ ಕಂತು, ವಿಮೆಯ ಕಂತು, ವಿದ್ಯುತ್ ಬಿಲ್ಲು ಯಾವುದರಿಂದ ಕಡಿತವಾಗುತ್ತಿವೆ ಎಂದು ಒಂದು ವರ್ಷದ ಸ್ಟೇಟ್‌ಮೆಂಟ್ ತೆಗೆದು ಗುರುತು ಮಾಡಿಕೊಳ್ಳಿ. ವರ್ಷಕ್ಕೊಮ್ಮೆ ಬರುವ ಕಡಿತಗಳು ಅಲ್ಲೇ ಸಿಕ್ಕಿಬೀಳುತ್ತವೆ. ಆಧಾರ್ ಜೋಡಣೆಯ ಕಡೆ ವಿಶೇಷ ಗಮನ ಇರಲಿ. ಗೃಹಲಕ್ಷ್ಮಿ, ಗ್ಯಾಸ್ ಸಬ್ಸಿಡಿಯಂಥ ನೇರ ವರ್ಗಾವಣೆಯ ಹಣ, ಆಧಾರ್ ಕೊನೆಯದಾಗಿ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಹೊಸ ಖಾತೆಯ ಫಾರಂನಲ್ಲಿ ಆ ಚೌಕಕ್ಕೆ ಟಿಕ್ ಹಾಕಿದ್ದು ಮರೆತು, ಹಳೆಯ ಪಾಸ್‌ಬುಕ್ಕಿನಲ್ಲಿ ಗೃಹಲಕ್ಷ್ಮಿಯ ಎರಡು ಸಾವಿರ ಬಂದಿಲ್ಲವೆಂದು ಹುಡುಕುವವರು ಬಹಳ. ಎಲ್ಲಿಗೆ ಜೋಡಣೆಯಾಗಬೇಕೆಂದು ಮನೆಯವರೊಡನೆ ಮೊದಲೇ ಮಾತಾಡಿಕೊಂಡು, ಫಾರಂ ಕೊಡುವಾಗ ಕೌಂಟರಿನಲ್ಲಿ ಬಾಯಿಬಿಟ್ಟು ಹೇಳಿ.