ವಿಶ್ವವಿದ್ಯಾಲಯವೇ ಜಾಮೀನು ನಿಂತಾಗ

2012ರ ಆಗಸ್ಟ್ ಮುಗಿಯಲು ಇನ್ನೆರಡು ದಿನವಿದೆ ಎನ್ನುವಾಗ ಲಂಡನ್ನಿನ ಹಾಲೋವೇ ರಸ್ತೆಯಲ್ಲಿರುವ ಲಂಡನ್ ಮೆಟ್ರೊಪಾಲಿಟನ್ ವಿಶ್ವವಿದ್ಯಾಲಯಕ್ಕೆ ಸಿಡಿಲು ಬಡಿದಂತಾಯಿತು. ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲು ಸರ್ಕಾರ ಕೊಟ್ಟಿದ್ದ ಪರವಾನಗಿ ರದ್ದಾಗಿತ್ತು. ಹೊಸದಾಗಿ ಯಾರನ್ನೂ ಕರೆಸಿಕೊಳ್ಳುವಂತಿಲ್ಲ ಎಂಬಷ್ಟೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ಆಗಲೇ ಓದುತ್ತಿದ್ದವರ ವೀಸಾ ಕೂಡ ಆ ಪರವಾನಗಿಯನ್ನೇ ಆಧರಿಸಿ ನಿಂತಿತ್ತು. ಎರಡು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಮುಂದೆ ಉಳಿದದ್ದು ಎರಡೇ ದಾರಿ. ಗಡುವಿನ ಪತ್ರ ಬಂದ ಮೇಲೆ 60 ದಿನಗಳೊಳಗೆ ಇನ್ನೊಂದು ವಿಶ್ವವಿದ್ಯಾಲಯ ಹುಡುಕಿಕೊಳ್ಳಬೇಕು, ಇಲ್ಲವೇ ದೇಶ ಬಿಡಬೇಕು. ಅವರಲ್ಲಿ ಕೊನೆಯ ವರ್ಷಕ್ಕೆ ಕಾಲಿಡಲಿದ್ದವರೂ ಇದ್ದರು.

ಬ್ರಿಟನ್ನಿನ ವಿಶ್ವವಿದ್ಯಾಲಯವೊಂದು ಈ ಪರವಾನಗಿಯನ್ನು ಪೂರ್ತಿಯಾಗಿ ಕಳೆದುಕೊಂಡದ್ದು ಅದೇ ಮೊದಲು. ಅದಕ್ಕೆ ಹಿಂದೆ ಗ್ಲಾಸ್ಗೋ ಕ್ಯಾಲಿಡೋನಿಯನ್ ಮತ್ತು ಟೀಸೈಡ್ ವಿಶ್ವವಿದ್ಯಾಲಯಗಳ ಪರವಾನಗಿಯನ್ನು ಅಮಾನತಿನಲ್ಲಿಟ್ಟು ಮತ್ತೆ ಕೊಡಲಾಗಿತ್ತು. ಲಂಡನ್ ಮೆಟ್ರೊಪಾಲಿಟನ್ನಿನಲ್ಲಿ ಆದದ್ದೇನು? ಗಡಿ ಸಂಸ್ಥೆಯ ಅಧಿಕಾರಿಗಳು ಕಡತಗಳನ್ನು ತಪಾಸಣೆ ಮಾಡಿದ್ದರು. ಆಯ್ದುಕೊಂಡ 101 ವಿದ್ಯಾರ್ಥಿಗಳಲ್ಲಿ ಕಾಲು ಭಾಗಕ್ಕೂ ಹೆಚ್ಚು ಮಂದಿಗೆ ದೇಶದಲ್ಲಿರಲು ಅನುಮತಿಯೇ ಇರಲಿಲ್ಲ ಎಂದರು. 50 ಕಡತಗಳ ಪೈಕಿ 20ರಲ್ಲಿ ಇಂಗ್ಲಿಷ್ ಬರುತ್ತದೆ ಎಂಬುದಕ್ಕೆ ಸರಿಯಾದ ಪುರಾವೆ ಇರಲಿಲ್ಲ. 250 ದಾಖಲೆಗಳ ಪೈಕಿ 142ರಲ್ಲಿ ಹಾಜರಿಯ ಲೆಕ್ಕ ಸರಿಯಿರಲಿಲ್ಲ. ಹುಡುಗ ತರಗತಿಗೆ ಬರುತ್ತಿದ್ದನೋ ಇಲ್ಲವೋ ಎಂದು ವಿಶ್ವವಿದ್ಯಾಲಯಕ್ಕೇ ಗೊತ್ತಾಗುವಂತಿರಲಿಲ್ಲ.

ಉಪಕುಲಪತಿ ಮಾಲ್ಕಮ್ ಗಿಲೀಸ್ ಈ ಆರೋಪಗಳನ್ನು ಒಪ್ಪಲಿಲ್ಲ. ವಿಶ್ವವಿದ್ಯಾಲಯ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಅದು ಸಂಸ್ಥೆಯ ಜಗಳ. ಆದರೆ ಪುರಾವೆ ಸರಿಯಾಗಿ ಕೊಟ್ಟು, ಶುಲ್ಕ ಕಟ್ಟಿ, ದಿನವೂ ಪಾಠ ಕೇಳಿದ ವಿದ್ಯಾರ್ಥಿಯೂ ಅದೇ ಗಡುವಿಗೆ ಸಿಕ್ಕಿಬಿದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದರೆ ಇದೇ. ಸರ್ಕಾರ ಅಂಥವರಿಗಾಗಿ ಕಾರ್ಯಪಡೆಯೊಂದನ್ನು ರಚಿಸಿ, 20 ಲಕ್ಷ ಪೌಂಡುಗಳ ನಿಧಿಯನ್ನೂ ತೆಗೆದಿಟ್ಟಿತು. ಸೆಪ್ಟೆಂಬರಿನಲ್ಲಿ ಹೈಕೋರ್ಟು ಮೊಕದ್ದಮೆಯನ್ನು ವಿಚಾರಣೆಗೆ ಅಂಗೀಕರಿಸಿತು. ವೀಸಾ ಸರಿಯಾಗಿದ್ದ ಹಳೆಯ ವಿದ್ಯಾರ್ಥಿಗಳಿಗೆ ಕೋರ್ಸು ಅಥವಾ ಆ ಶೈಕ್ಷಣಿಕ ವರ್ಷ ಮುಗಿಯುವವರೆಗೆ ಓದಲು ಅವಕಾಶವಾಯಿತು. ಅಷ್ಟರಲ್ಲಿ ಒಂದು ತಿಂಗಳ ನಿದ್ದೆ ಹೋಗಿತ್ತು.

ಯಾರು ಯಾರಿಗೆ ಜಾಮೀನು?

ಮಗನನ್ನೋ ಮಗಳನ್ನೋ ಬ್ರಿಟನ್ನಿಗೆ ಕಳುಹಿಸಲು ಹೊರಟ ತಂದೆತಾಯಿಗಳ ಮನಸ್ಸಿನಲ್ಲಿ ಒಂದು ಲೆಕ್ಕವಿರುತ್ತದೆ. ಅಂಕಪಟ್ಟಿ ಚೆನ್ನಾಗಿದೆ, ಬ್ಯಾಂಕು ಸಾಲ ಕೊಟ್ಟಿದೆ, ಶುಲ್ಕ ಕಟ್ಟಿದ್ದಾಗಿದೆ. ಇನ್ನು ವೀಸಾ ಒಂದು ಆಗಿಬಿಟ್ಟರೆ ವಿಶ್ವವಿದ್ಯಾಲಯಕ್ಕೂ ಸರ್ಕಾರಕ್ಕೂ ಏನು ಸಂಬಂಧ? ಸಂಬಂಧವಿರುವುದೇ ಅಲ್ಲಿ. 2009ರಲ್ಲಿ ಜಾರಿಗೆ ಬಂದ, ಟಿಯರ್-4 ಎಂದು ಹೆಸರಾದ ವ್ಯವಸ್ಥೆಯಲ್ಲಿ ವಿದ್ಯಾರ್ಥಿಯನ್ನು ಕರೆಸಿಕೊಳ್ಳುವ ಸಂಸ್ಥೆಯೇ ಅವನಿಗೆ ಪ್ರಾಯೋಜಕ. ನಮ್ಮ ಮಾತಿನಲ್ಲಿ ಹೇಳುವುದಾದರೆ ಜಾಮೀನುದಾರ. 2020ರ ಅಕ್ಟೋಬರಿನಲ್ಲಿ ಟಿಯರ್-4 ಎಂಬ ಹೆಸರು ಹೋಗಿ ವಿದ್ಯಾರ್ಥಿ ವೀಸಾ ಎಂದಾಯಿತಾದರೂ ಜಾಮೀನಿನ ಏರ್ಪಾಡು ಹಾಗೆಯೇ ಉಳಿದಿದೆ.

ಜಾಮೀನಿನ ಪತ್ರಕ್ಕೆ ಅಲ್ಲಿ ಕ್ಯಾಸ್ ಎನ್ನುತ್ತಾರೆ. ಪತ್ರವೆಂದರೂ ಅದು ಕಂಪ್ಯೂಟರಿನಲ್ಲಿರುವ ಒಂದು ಸಂಖ್ಯೆ. ಈ ಹುಡುಗಿ ಇಂಥ ಕೋರ್ಸಿಗೆ ಬರುತ್ತಿದ್ದಾಳೆ, ಅವಳ ಅಂಕಪಟ್ಟಿ ನೋಡಿದ್ದೇವೆ, ಓದುವ ಉದ್ದೇಶ ನಿಜವೆಂದು ನಂಬಿದ್ದೇವೆ ಎಂದು ವಿಶ್ವವಿದ್ಯಾಲಯ ಗೃಹ ಇಲಾಖೆಗೆ ಬರೆದುಕೊಡುವ ಮಾತು ಅದು. ಪ್ರವೇಶ ಸಿಕ್ಕಿತು ಎಂಬ ಪತ್ರ ಬೇರೆ, ಕ್ಯಾಸ್ ಬೇರೆ. ಮೊದಲನೆಯದು ಕೈಗೆ ಬಂದಾಗ ಮನೆಯಲ್ಲಿ ಸಿಹಿ ಹಂಚುತ್ತಾರೆ. ವೀಸಾ ಸಿಗುವುದು ಎರಡನೆಯದರ ಮೇಲೆ.

ಹುಡುಗಿ ಅಲ್ಲಿಗೆ ಹೋಗಿ ಇಳಿದ ಮೇಲೂ ಜಾಮೀನು ಮುಗಿಯುವುದಿಲ್ಲ. ಅವಳು ಗೊತ್ತಾದ ವೇಳೆಗೆ ಬಂದು ಹೆಸರು ನೋಂದಾಯಿಸದಿದ್ದರೆ, ನಡುವೆ ಓದು ಬಿಟ್ಟರೆ, ಕೋರ್ಸು ಬದಲಾಯಿಸಿದರೆ ವಿಶ್ವವಿದ್ಯಾಲಯ 10 ಕೆಲಸದ ದಿನಗಳೊಳಗೆ ಸರ್ಕಾರಕ್ಕೆ ತಿಳಿಸಬೇಕು. ಪಾಸ್‌ಪೋರ್ಟಿನ ನಕಲು, ವೀಸಾದ ವಿವರ, ಪ್ರವೇಶಕ್ಕೆ ಆಧಾರವಾದ ಅಂಕಪಟ್ಟಿಗಳು, ಈಗಿನ ವಿಳಾಸ, ಹಿಂದಿನ ವಿಳಾಸ, ದೂರವಾಣಿ, ಎಲ್ಲವೂ ಕಡತದಲ್ಲಿರಬೇಕು. ಹಾಜರಿಯ ದಾಖಲೆಯಂತೂ ಇರಲೇಬೇಕು. ಮೊದಲು ಸತತವಾಗಿ ಹತ್ತು ಬಾರಿ ತಪ್ಪಿಸಿಕೊಂಡರೆ ವರದಿ ಮಾಡಬೇಕೆಂಬ ನಿಯಮವಿತ್ತು. ಈಗ ವಿಶ್ವವಿದ್ಯಾಲಯಗಳು ತಾವೇ ಒಂದು ನೀತಿಯನ್ನು ಬರೆದುಕೊಂಡು, ಬರೆದಂತೆ ನಡೆದುಕೊಳ್ಳಬೇಕು. ತಪಾಸಣೆಗೆ ಬಂದವರು ಮೊದಲು ಕೇಳುವುದೇ ಆ ಬರಹವನ್ನು. ಆಮೇಲೆ ಅದರಂತೆ ನಡೆದಿದೆಯೇ ಎಂದು ನೋಡುತ್ತಾರೆ.

ತಪಾಸಣೆಯ ದಿನ

ತಪಾಸಣೆಯ ಅಧಿಕಾರಿಗಳು ಮುಂಚೆ ತಿಳಿಸಿಯೂ ಬರಬಹುದು, ಹೇಳದೆಯೂ ಬರಬಹುದು. ಒಂದು ಹೆಸರಿನ ಪಟ್ಟಿ ಕೊಟ್ಟು ಇವರ ಕಡತ ತೆಗೆಯಿರಿ ಎನ್ನುತ್ತಾರೆ. ವಿಶ್ವವಿದ್ಯಾಲಯ ಸರ್ಕಾರದ ಕಂಪ್ಯೂಟರಿಗೆ ತುಂಬಿದ ಮಾಹಿತಿಯನ್ನೂ ಕಡತದಲ್ಲಿರುವುದನ್ನೂ ಪಕ್ಕಪಕ್ಕದಲ್ಲಿಟ್ಟು ತಾಳೆ ನೋಡುತ್ತಾರೆ. ಪ್ರವೇಶ ವಿಭಾಗದ ಗುಮಾಸ್ತರನ್ನು ಕೂರಿಸಿಕೊಂಡು, ಇಂಗ್ಲಿಷ್ ಪರೀಕ್ಷೆಯ ಅಂಕ ನಿಜವೆಂದು ಹೇಗೆ ಖಚಿತ ಮಾಡಿಕೊಂಡಿರಿ ಎಂದು ಕೇಳುತ್ತಾರೆ. ವಿದ್ಯಾರ್ಥಿಗಳನ್ನೇ ಕರೆದು ಮಾತನಾಡಿಸುವುದೂ ಉಂಟು. ಇದಕ್ಕೆ ಹೆದರಿ ಅನೇಕ ವಿಶ್ವವಿದ್ಯಾಲಯಗಳು ವಕೀಲರಿಗೋ ಸಲಹೆಗಾರರಿಗೋ ಹಣ ಕೊಟ್ಟು ಮೊದಲೇ ಒಂದು ಅಣಕು ತಪಾಸಣೆ ಮಾಡಿಸಿಕೊಳ್ಳುತ್ತವೆ. ನಮ್ಮ ಶಾಲೆಗಳಲ್ಲಿ ಇನ್‌ಸ್ಪೆಕ್ಟರು ಬರುವ ಹಿಂದಿನ ದಿನ ಮೇಷ್ಟರು ಹಾಜರಿ ಪುಸ್ತಕ ಸರಿಮಾಡಿ, ಮಕ್ಕಳಿಗೆ ಮಗ್ಗಿ ಒಪ್ಪಿಸಲು ಹೇಳಿಕೊಡುತ್ತಿದ್ದುದು ನೆನಪಾದರೆ ತಪ್ಪಿಲ್ಲ.

ಪಾಠ ಹೇಳುವವರನ್ನು ಗಡಿ ಕಾಯುವ ಪೊಲೀಸರನ್ನಾಗಿ ಮಾಡಲಾಗುತ್ತಿದೆ ಎಂದು ಅಲ್ಲಿನ ಅಧ್ಯಾಪಕರ ಸಂಘಟನೆ ಆಕ್ಷೇಪಿಸಿದೆ. ಆಕ್ಷೇಪದಲ್ಲಿ ಹುರುಳಿದೆ. ಹಾಗೆಂದು ಸರ್ಕಾರದ ಅನುಮಾನವೆಲ್ಲ ಗಾಳಿಗುದ್ದಾಟವೆನ್ನಲಾಗದು. ಬರಿಯ ನಾಮಫಲಕವಿಟ್ಟುಕೊಂಡು ವೀಸಾ ಮಾರುತ್ತಿದ್ದ ಖಾಸಗಿ ಕಾಲೇಜುಗಳು ಬ್ರಿಟನ್ನಿನಲ್ಲಿ ನಿಜವಾಗಿ ಇದ್ದವು.

ಇಲ್ಲಿ 2014ರ ಪ್ರಕರಣವನ್ನು ಹೇಳಲೇಬೇಕು. ಆ ವರ್ಷದ ಫೆಬ್ರವರಿಯಲ್ಲಿ ಬಿಬಿಸಿಯ ಪನೋರಮ ಕಾರ್ಯಕ್ರಮ, ಇಂಗ್ಲಿಷ್ ಪರೀಕ್ಷಾ ಕೇಂದ್ರಗಳಲ್ಲಿ ಬೇರೆಯವರು ಕುಳಿತು ಪರೀಕ್ಷೆ ಬರೆಯುವುದನ್ನು ಗುಪ್ತವಾಗಿ ಚಿತ್ರಿಸಿ ತೋರಿಸಿತು. ಜೂನ್‌ನಲ್ಲಿ ವೇಲ್ಸಿನ ಗ್ಲಿಂಡೂರ್ ವಿಶ್ವವಿದ್ಯಾಲಯ ಮತ್ತು 57 ಖಾಸಗಿ ಕಾಲೇಜುಗಳ ಪರವಾನಗಿ ಅಮಾನತಾಯಿತು. ಪರೀಕ್ಷೆ ನಡೆಸಿದ ಸಂಸ್ಥೆಯೇ ಧ್ವನಿ ಮುದ್ರಣಗಳನ್ನು ಪರಿಶೀಲಿಸಿ, ಬ್ರಿಟನ್ನಿನಲ್ಲಿ ನಡೆದ 58,458 ಪರೀಕ್ಷೆಗಳಲ್ಲಿ ಶೇಕಡಾ 97ರಷ್ಟನ್ನು ಅನುಮಾನಾಸ್ಪದವೆಂದಿತು. ಸಾವಿರಾರು ವೀಸಾಗಳು ರದ್ದಾದವು. ಮೋಸ ಮಾಡಿದವರಿದ್ದರು, ಸಂಶಯವಿಲ್ಲ. ಆದರೆ ತಾನೇ ಪರೀಕ್ಷೆ ಬರೆದವನೂ ತಾನೇ ಬರೆದೆನೆಂದು ತೋರಿಸಲು ವರ್ಷಗಟ್ಟಲೆ ಅಲೆಯಬೇಕಾಯಿತು. ಮೇಲ್ಮನವಿ ಸಲ್ಲಿಸಿ ಗೆದ್ದವರ ಸಂಖ್ಯೆಯೇ ಸಾವಿರಗಳಲ್ಲಿದೆ; ಅವರ ಕಳೆದುಹೋದ ವರ್ಷಗಳನ್ನು ಮಾತ್ರ ಯಾವ ನ್ಯಾಯಾಲಯವೂ ಹಿಂದಕ್ಕೆ ಕೊಡಲಿಲ್ಲ.

ಶೇಕಡಾವಾರು ಲೆಕ್ಕ

ಕಡತದ ತಪಾಸಣೆಯಲ್ಲದೆ ವರ್ಷಕ್ಕೊಮ್ಮೆ ಇನ್ನೊಂದು ಪರೀಕ್ಷೆಯಿದೆ. ಇದು ಬರೀ ಅಂಕಿಗಳದು. ಕ್ಯಾಸ್ ಪಡೆದು ಅರ್ಜಿ ಹಾಕಿದವರಲ್ಲಿ ಎಷ್ಟು ಮಂದಿಗೆ ವೀಸಾ ನಿರಾಕರಣೆಯಾಯಿತು, ವೀಸಾ ಸಿಕ್ಕವರಲ್ಲಿ ಎಷ್ಟು ಮಂದಿ ಬಂದು ಸೇರಿದರು, ಸೇರಿದವರಲ್ಲಿ ಎಷ್ಟು ಮಂದಿ ಕೋರ್ಸು ಮುಗಿಸಿದರು ಎಂಬ ಮೂರು ಪ್ರಶ್ನೆಗಳು. ನಿರಾಕರಣೆ ಶೇಕಡಾ 20ರೊಳಗಿದ್ದರೆ ಸಾಕೆಂಬ ನಿಯಮ ಮೊದಲಿತ್ತು. 2014ರ ನವೆಂಬರಿನಿಂದ ಅದು 10ಕ್ಕಿಳಿಯಿತು. ಸೇರಿದವರು ಕನಿಷ್ಠ ಶೇಕಡಾ 90, ಮುಗಿಸಿದವರು ಕನಿಷ್ಠ ಶೇಕಡಾ 85 ಇರಬೇಕೆಂಬುದು ಬಹಳ ಕಾಲ ನಡೆದುಬಂದ ಕಟ್ಟಳೆ. 2025ರ ಮೇ ತಿಂಗಳಿನ ಶ್ವೇತಪತ್ರದಲ್ಲಿ ಸರ್ಕಾರ ಈ ಮೂರನ್ನೂ ಐದೈದು ಅಂಶ ಬಿಗಿಗೊಳಿಸುವುದಾಗಿ ಪ್ರಕಟಿಸಿತು. ಸಂಸ್ಥೆಗಳಿಗೆ ಕೆಂಪು, ಹಳದಿ, ಹಸಿರು ಬಣ್ಣದ ದರ್ಜೆ ಕೊಡುವ ಮಾತನ್ನೂ ಆಡಿತು.

ಐದು ಅಂಶ ಏನು ಮಹಾ ಎನಿಸಬಹುದು. ಒಂದು ವಿಶ್ವವಿದ್ಯಾಲಯದ 200 ವಿದ್ಯಾರ್ಥಿಗಳು ವೀಸಾಕ್ಕೆ ಅರ್ಜಿ ಹಾಕುತ್ತಾರೆಂದು ಇಟ್ಟುಕೊಳ್ಳೋಣ. ಹಳೆಯ ಲೆಕ್ಕದಲ್ಲಿ 19 ಮಂದಿಗೆ ನಿರಾಕರಣೆಯಾದರೂ ಸಂಸ್ಥೆ ಪಾರು. ಹೊಸ ಲೆಕ್ಕದಲ್ಲಿ 10 ಆದರೆ ಪರವಾನಗಿಗೇ ಕುತ್ತು. ಆ ಹತ್ತರಲ್ಲೊಬ್ಬ ಧಾರವಾಡದ ಹುಡುಗನಾಗಿದ್ದು, ಅವನ ನಿರಾಕರಣೆಗೆ ಕಾರಣ ಮೋಸವೇ ಆಗಿರಬೇಕೆಂದೇನೂ ಇಲ್ಲ. ಜೀವನ ವೆಚ್ಚದ ಹಣ ಸತತ 28 ದಿನ ಖಾತೆಯಲ್ಲಿರಬೇಕೆಂಬ ನಿಯಮವಿದೆ. ಇಪ್ಪತ್ತನೆಯ ದಿನ ಅಕ್ಕನ ಮದುವೆಯ ಛತ್ರಕ್ಕೆಂದು ಅಪ್ಪ ಐವತ್ತು ಸಾವಿರ ತೆಗೆದು, ಮರುದಿನವೇ ವಾಪಸು ಕಟ್ಟಿದರೂ ಆ ಒಂದು ದಿನದ ಕೊರತೆ ಕಾಗದದಲ್ಲಿ ಉಳಿಯುತ್ತದೆ. 2018ರಲ್ಲಿ ಕೆಲವು ದೇಶಗಳ ವಿದ್ಯಾರ್ಥಿಗಳಿಗೆ ಕಾಗದಪತ್ರದ ಈ ಹೊರೆಯನ್ನು ಹಗುರ ಮಾಡಿದಾಗ ಚೀನಾ ಆ ಪಟ್ಟಿಗೆ ಸೇರಿತು, ಭಾರತ ಸೇರಲಿಲ್ಲ.

ಹೀಗಾಗಿಯೇ ಕ್ಯಾಸ್ ಕೊಡುವ ಮೊದಲು ವಿಶ್ವವಿದ್ಯಾಲಯಗಳೇ ಸಣ್ಣ ವೀಸಾ ಕಚೇರಿಗಳಂತೆ ವರ್ತಿಸತೊಡಗಿವೆ. ಕಂಪ್ಯೂಟರಿನ ಪರದೆಯಲ್ಲಿ ಸಂದರ್ಶನ ಮಾಡುತ್ತಾರೆ. ಇದೇ ಕೋರ್ಸು ಏಕೆ, ಇದೇ ಊರು ಏಕೆ, ಹಣ ಯಾರು ಕೊಡುತ್ತಾರೆ ಎಂದು ಕೇಳುತ್ತಾರೆ. ಬ್ಯಾಂಕಿನ ಕಾಗದಗಳನ್ನು ತಾವೇ ಮೊದಲು ತರಿಸಿಕೊಂಡು ನೋಡುತ್ತಾರೆ. ಬಾಯಿಪಾಠದ ಉತ್ತರ ಬಂದರೆ ಅನುಮಾನ. ಅರ್ಹತೆಯಿದ್ದರೂ ಕ್ಯಾಸ್ ಸಿಗದೆ ಹೋದಾಗ ಹುಡುಗ ಕುಗ್ಗುತ್ತಾನೆ, ಮನೆಯವರು ಅವನ ಇಂಗ್ಲಿಷನ್ನೇ ಬಯ್ಯುತ್ತಾರೆ. ಕಾರಣ ಅವನಲ್ಲದೆ ಆ ಸಂಸ್ಥೆಯ ಆ ವರ್ಷದ ಲೆಕ್ಕದಲ್ಲಿಯೂ ಇರಬಹುದು. 2025ರ ಕೊನೆಯಲ್ಲಿ ಕೆಲವು ಬ್ರಿಟಿಷ್ ವಿಶ್ವವಿದ್ಯಾಲಯಗಳು ಪಾಕಿಸ್ತಾನ ಮತ್ತು ಬಾಂಗ್ಲಾದೇಶಗಳಿಂದ ಪ್ರವೇಶವನ್ನೇ ನಿಲ್ಲಿಸಿದವು ಅಥವಾ ಮಿತಗೊಳಿಸಿದವು ಎಂದು ಅಲ್ಲಿನ ಪತ್ರಿಕೆಗಳು ವರದಿ ಮಾಡಿದವು. ಆ ದೇಶಗಳ ಪ್ರತಿಭಾವಂತರು ಮಾಡಿದ ತಪ್ಪೇನು?

ಕೋರ್ಸು ಮುಗಿಸುವವರ ಲೆಕ್ಕವೂ ಹೀಗೆಯೇ. ಸ್ನಾತಕೋತ್ತರ ಪದವಿಗೆಂದು ಹೋಗಿ ಮೂರನೇ ತಿಂಗಳಿಗೆ ನೌಕರಿಯ ವೀಸಾಕ್ಕೆ ಹಾರುವವರು ಹೆಚ್ಚಿದಾಗ 2023ರ ಜುಲೈಯಲ್ಲಿ ಆ ದಾರಿಯನ್ನು ಮುಚ್ಚಲಾಯಿತು. ವಾರಕ್ಕೆ 20 ಗಂಟೆಗೆ ಮೀರಿ ಕೆಲಸ ಮಾಡಿ ತರಗತಿ ತಪ್ಪಿಸುವವರು ಹಾಜರಿಯ ಬಲೆಗೆ ಬೀಳುತ್ತಾರೆ. ಶುಲ್ಕದ ಕಂತು ತಪ್ಪಿದವರ ಕಷ್ಟ ಇನ್ನೂ ಕಠಿಣ. ನೈಜೀರಿಯದ ನಾಣ್ಯ ನೈರಾ ಕುಸಿದು ಮನೆಯಿಂದ ಹಣ ಬರುವುದು ಏರುಪೇರಾದಾಗ ಟೀಸೈಡ್ ವಿಶ್ವವಿದ್ಯಾಲಯ ಅಂಥ ಕೆಲವು ವಿದ್ಯಾರ್ಥಿಗಳನ್ನು ಕೋರ್ಸಿನಿಂದ ತೆಗೆದು ಗೃಹ ಇಲಾಖೆಗೆ ತಿಳಿಸಿದ್ದು 2024ರ ಮೇ ತಿಂಗಳಲ್ಲಿ ಸುದ್ದಿಯಾಯಿತು. ಶುಲ್ಕ ಕಟ್ಟದಿರುವುದು ಪ್ರಾಯೋಜನೆಯ ಷರತ್ತಿನ ಉಲ್ಲಂಘನೆ, ತಿಳಿಸದೆ ತನಗೆ ಬೇರೆ ದಾರಿಯಿರಲಿಲ್ಲ ಎಂದು ಸಂಸ್ಥೆ ಹೇಳಿತು.

ಬೆಂಗಳೂರು, ಮಂಗಳೂರು, ಹುಬ್ಬಳ್ಳಿಗಳಲ್ಲಿ ವಿದೇಶಿ ವಿದ್ಯಾಭ್ಯಾಸದ ಏಜೆಂಟರ ಬೋರ್ಡುಗಳಿಗೆ ಬರವಿಲ್ಲ. ವಿದ್ಯಾರ್ಥಿಗಳನ್ನು ಕಳುಹಿಸಿಕೊಟ್ಟ ಏಜೆಂಟರಿಗೆ ವಿಶ್ವವಿದ್ಯಾಲಯಗಳೇ ಕಮಿಷನ್ ಕೊಡುವುದು ಗುಟ್ಟೇನಲ್ಲ. 2025ರ ಶ್ವೇತಪತ್ರ, ಏಜೆಂಟರನ್ನು ಬಳಸುವ ಸಂಸ್ಥೆಗಳೆಲ್ಲ ಅವರ ಗುಣಮಟ್ಟದ ಕಟ್ಟುಪಾಡಿಗೆ ಒಪ್ಪಬೇಕೆಂದೂ ಹೇಳಿತು. ಅಪ್ಪನ ಸಹಿಯನ್ನು ಏಜೆಂಟನ ಗುಮಾಸ್ತನೇ ಹಾಕಿದ ಕಾಗದ, ಬಾಡಿಗೆಗೆ ತಂದು ಖಾತೆಗೆ ಹಾಕಿದ ಹಣ, ಇವೆಲ್ಲ ಸಿಕ್ಕಿಬಿದ್ದರೆ ಕಮಿಷನ್ ಹೋಗುವುದು ಏಜೆಂಟನದು. ವರ್ಷಗಳು ಹೋಗುವುದು ವಿದ್ಯಾರ್ಥಿಯದು.

ಪರವಾನಗಿಯಿರುವ ಸಂಸ್ಥೆಗಳ ಪಟ್ಟಿಯನ್ನು ಬ್ರಿಟನ್ ಸರ್ಕಾರ ಪ್ರಕಟಿಸುತ್ತದೆ, ಆಗಾಗ ತಿದ್ದುತ್ತದೆ. ಯಾರು ಬೇಕಾದರೂ ನೋಡಬಹುದು. ಹಣ ಕಟ್ಟುವ ಮೊದಲು ಏಜೆಂಟನ ಮಾತಿಗೆ ಕಾಯದೆ ಅದನ್ನು ತೆರೆದು ನೋಡುವುದು ಹತ್ತು ನಿಮಿಷದ ಕೆಲಸ. ವೀಸಾ ನಿರಾಕರಣೆಯಾದರೆ ಶುಲ್ಕದಲ್ಲಿ ಎಷ್ಟು ವಾಪಸು, ನಡುವೆ ಪರವಾನಗಿಯೇ ಹೋದರೆ ವಿದ್ಯಾರ್ಥಿಯನ್ನು ಎಲ್ಲಿಗೆ ಸೇರಿಸುತ್ತೀರಿ, ಕಾಯಿಲೆ ಬಿದ್ದು ತರಗತಿ ತಪ್ಪಿದರೆ ಯಾರಿಗೆ ತಿಳಿಸಬೇಕು ಎಂದು ವಿಶ್ವವಿದ್ಯಾಲಯಕ್ಕೇ ಬರೆದು ಕೇಳಬಹುದು, ಉತ್ತರವನ್ನು ಕಾಗದದಲ್ಲಿ ಪಡೆಯಬಹುದು. ಅಲ್ಲಿಗೆ ಹೋದ ಮೇಲೆ ಮನೆ ಬದಲಾಯಿಸಿದ ದಿನವೇ ಹೊಸ ವಿಳಾಸ ಕೊಡುವುದು ಮಗಳ ಕೆಲಸ.

ಲಂಡನ್ ಮೆಟ್ರೊಪಾಲಿಟನ್ ವಿಶ್ವವಿದ್ಯಾಲಯಕ್ಕೆ ಪರವಾನಗಿ ಮರಳಿ ಸಿಕ್ಕಿದ್ದು 2013ರ ಏಪ್ರಿಲ್‌ನಲ್ಲಿ. ಅದರ ಹಿಂದಿನ ತಿಂಗಳಷ್ಟೇ, ಪರವಾನಗಿ ಕಿತ್ತುಕೊಂಡಿದ್ದ ಗಡಿ ಸಂಸ್ಥೆಯನ್ನು ಅದರ ಕೆಲಸ ಸರಿಯಿಲ್ಲವೆಂದು ಗೃಹ ಸಚಿವೆ ಥೆರೆಸಾ ಮೇ ರದ್ದುಪಡಿಸುವುದಾಗಿ ಪ್ರಕಟಿಸಿದ್ದರು.